ನಡುಮನೆಯ ಸೂಟ್‌ಕೇಸ್

"ವಾಪಸ್ ಹೋಗುವ ಉದ್ದೇಶ ನಿಮಗೆ ಮೊದಲಿನಿಂದಲೂ ಇತ್ತೇ?" ಎಂಬ ಒಂದೇ ಒಂದು ಪ್ರಶ್ನೆ ನನ್ನ ತಲೆಯೊಳಗೆ ಬಿಡಾರ ಹೂಡಿ ತಿಂಗಳಾಗಿತ್ತು. ಅಕ್ಕಿ ತೊಳೆಯುವಾಗ ಕೇಳುತ್ತಿತ್ತು, ಮಗಳ ತಲೆ ಬಾಚುವಾಗ ಕೇಳುತ್ತಿತ್ತು. ಬೆಳಿಗ್ಗೆ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ "ಇತ್ತು ಸಾರ್, ಖಂಡಿತ ಇತ್ತು" ಎಂದು ಬಚ್ಚಲಿನ ಕನ್ನಡಿಗೆ ಎಷ್ಟೋ ಸಲ ಉತ್ತರ ಕೊಟ್ಟಿದ್ದೇನೆ. ಕನ್ನಡಿ ಒಮ್ಮೆಯೂ ನಂಬಿದಂತೆ ಕಾಣಲಿಲ್ಲ.

ವಿಷಯ ಇಷ್ಟು. ಮದುವೆಯಾದ ಮೇಲೆ ನಾವಿಬ್ಬರೂ ಹೊರದೇಶದಲ್ಲಿದ್ದೆವು. ಇವರು ಅಲ್ಲಿ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿದ್ದರು. ನಾನು ಒಂದು ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಪುಸ್ತಕ ಜೋಡಿಸುತ್ತ, ಶನಿವಾರಗಳಂದು ಮಕ್ಕಳಿಗೆ ಕಥೆ ಓದಿ ಹೇಳುತ್ತ ಇದ್ದೆ. ಆ ಕೆಲಸ ಮಾಡುವಾಗ ಮಾತ್ರ ನನಗೆ ಯಾವ ಚಿಂತೆಯೂ ಹತ್ತಿರ ಸುಳಿಯುತ್ತಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ದೇಶದವರು ನಮ್ಮನ್ನು ವರ್ಷಗಟ್ಟಲೆ ಸೋಸಿ, ಜರಡಿ ಹಿಡಿದು, ಕೊನೆಗೊಂದು ದಿನ ಕಾಯಂ ವಾಸದ ಹಕ್ಕನ್ನು ದಯಪಾಲಿಸಿದರು. ಕಾಯಂ ಎಂದರೆ ಕಾಯಂ ಎಂದೇ ನಾನು ತಿಳಿದಿದ್ದೆ. (ನಾವು ಅಲ್ಲೇ ಕೂತಿರುವವರೆಗೆ ಮಾತ್ರ ಅದು ಕಾಯಂ. ಎದ್ದು ಹೋಗಿ ಬಹಳ ದಿನ ಬರದಿದ್ದರೆ, ಬಸ್ಸಿನ ಸೀಟಿನ ಮೇಲೆ ಹಾಕಿಹೋದ ಕರ್ಚೀಫಿಗೆ ಇರುವಷ್ಟೇ ಮರ್ಯಾದೆ ಅದಕ್ಕೆ.)

ನಾವು ಎದ್ದು ಬಂದೆವು. ಪರದೆ ತೂಗುಹಾಕಲು ಸ್ಟೂಲು ಹತ್ತಿದ ಅತ್ತೆ ಬಿದ್ದು ಕಾಲು ಮುರಿದುಕೊಂಡರು. ನೋಡಿಕೊಂಡು ಬರೋಣವೆಂದು ಒಂದು ತಿಂಗಳ ರಜೆಯ ಮೇಲೆ ಬಂದವರು ನಾವು. ನಾನಾಗ ಬಸುರಿ. ಅತ್ತೆಯ ಕಾಲು ಕೂಡಿಕೊಳ್ಳುವ ಹೊತ್ತಿಗೆ ನಾನು ವಿಮಾನ ಹತ್ತುವ ಗಾತ್ರದಲ್ಲಿ ಉಳಿದಿರಲಿಲ್ಲ. ಮಗಳು ಹುಟ್ಟಿದಳು. ಕೇಳಿದ್ದನ್ನೆಲ್ಲ ಕೇಳಿದ ಹಾಗೇ ಒಪ್ಪಿಸುತ್ತಾಳೆಂದು ಅವಳಿಗೆ ಗಿಣಿ ಎಂದೇ ಹೆಸರು ನಿಂತಿದೆ. ಗಿಣಿಗೆ ಕಿವಿ ಸೋರತೊಡಗಿತು. ಕಿವಿಯ ತಮಟೆ ಪೂರ್ತಿ ವಾಸಿಯಾಗುವವರೆಗೆ ವಿಮಾನದ ಮಾತೇ ಎತ್ತಬೇಡಿ ಎಂದರು ಕಿವಿ ಡಾಕ್ಟರು. ಅದು ವಾಸಿಯಾಗುವುದು, ಮತ್ತೆ ಸೋರುವುದು, ಹೀಗೇ ನಡೆದು ಒಂದು ಸಣ್ಣ ಆಪರೇಷನ್ನೂ ಆಯಿತು. ಕೊನೆಗೆ ಡಾಕ್ಟರು ಗೆದ್ದ ಮುಖ ಮಾಡಿಕೊಂಡು "ಇನ್ನು ಚಂದ್ರಲೋಕಕ್ಕೆ ಬೇಕಾದರೂ ಕರ್ಕೊಂಡು ಹೋಗಿ" ಎನ್ನುವಷ್ಟರಲ್ಲಿ ಮೂರು ವರ್ಷ ಕಳೆದು ನಮ್ಮ ಕಾಯಂ ಎಂಬುದು ಕಾಲವಾಗಿತ್ತು.

ಇಲ್ಲಿ ಇವರಿಗೆ ಸಿಕ್ಕಿದ್ದು ಒಂದು ಪುಟ್ಟ ಲ್ಯಾಬು. ವಾರದಲ್ಲಿ ಮೂರು ದಿನ ಕೆಲಸ, ಉಳಿದ ದಿನ ಹಲ್ಲಿಲ್ಲದವರ ದಾರಿ ಕಾಯುವುದು. ಅಷ್ಟರಲ್ಲಿ ಅಲ್ಲಿನ ಹಳೆಯ ಯಜಮಾನರಿಂದ ಕರೆ ಬಂತು: ನಿನ್ನ ಮೇಜು ಖಾಲಿಯೇ ಇದೆ, ಬಂದುಬಿಡು. ಹೋಗಬೇಕಾದರೆ ಆ ದೇಶದವರು ನಮ್ಮೂರಿನಲ್ಲಿ ಇಟ್ಟಿರುವ ಕಚೇರಿಗೆ ಅರ್ಜಿ ಹಾಕಿ ಎರಡು ವಿಷಯ ರುಜುವಾತು ಮಾಡಬೇಕು. ಒಂದು, ತಡವಾದದ್ದು ನಮ್ಮ ಕೈಮೀರಿದ ಕಾರಣದಿಂದ. ಎರಡು, ವಾಪಸ್ ಹೋಗುವ ಉದ್ದೇಶ ನಮ್ಮೊಳಗೆ ಒಂದು ದಿನವೂ ಆರಿರಲಿಲ್ಲ. ಅವರು ಒಪ್ಪಿದರೆ ಹಳೆಯ ಹಕ್ಕು ಹಳೆಯ ಹಾಗೇ ವಾಪಸ್ಸು. ಒಪ್ಪದಿದ್ದರೆ ಮೊದಲಿನಿಂದ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು; ನಮ್ಮ ಸರದಿ ಬರುವ ಹೊತ್ತಿಗೆ ಗಿಣಿಗೇ ಅವಳಪ್ಪ ಹಲ್ಲಿನ ಸೆಟ್ ಮಾಡಿಕೊಡಬೇಕಾದೀತು.

ಕಿವಿಗೆ ಡಾಕ್ಟರು ಬರೆದುಕೊಟ್ಟರು. ಉದ್ದೇಶಕ್ಕೆ ಯಾರು ಬರೆದುಕೊಡುತ್ತಾರೆ?

ಈಗ ಸೂಟ್‌ಕೇಸಿನ ವಿಷಯಕ್ಕೆ ಬರಬೇಕು. ಬರುವಾಗ ನಾವೊಂದು ನೀಲಿ ಸೂಟ್‌ಕೇಸ್ ತಂದಿದ್ದೆವು. ಸೂಟ್‌ಕೇಸ್ ಎನ್ನುವುದು ಅದಕ್ಕೆ ಮಾಡುವ ಅವಮಾನ. ಅದೊಂದು ಸಣ್ಣ ಕೋಣೆ. ಅಲ್ಲಿನ ಚಳಿಗೆ ತೊಟ್ಟುಬಂದ ಕೋಟು, ಬೂಟು, ಕುತ್ತಿಗೆಗೆ ಸುತ್ತುವ ಮಫ್ಲರು, ನನ್ನ ಲೈಬ್ರರಿಯ ಬಿಲ್ಲೆ ಎಲ್ಲವೂ ಅದರೊಳಗೆ ಸೇರಿದವು. ಒಂದು ತಿಂಗಳಿಗೇನು ಬಿಚ್ಚುವುದು ಎಂದು ನಡುಮನೆಯಲ್ಲೇ ಇಟ್ಟೆ. ಆಮೇಲೆ, ಇನ್ನೇನು ಹೊರಡುತ್ತೇವಲ್ಲ, ಈಗೇನು ಬಿಚ್ಚುವುದು ಎಂದು ಬಿಟ್ಟೆ. ಬೀರುವಿನ ಮೇಲೆ ಹತ್ತದು, ಮಂಚದ ಕೆಳಗೆ ನುಗ್ಗದು. ಹಿಡಿಕೆಗೆ ಅಂಟಿಸಿದ ವಿಮಾನದ ಚೀಟಿಯನ್ನೂ ನಾನು ಹರಿಯಲಿಲ್ಲ. ಹರಿದರೆ ಏನೋ ಆಗಿಬಿಡುತ್ತದೆ ಎಂದು ಭಯ. ಏನಾಗುತ್ತದೆ ಎಂದು ಕೇಳಬೇಡಿ, ಭಯಕ್ಕೆ ಅಷ್ಟೆಲ್ಲ ವಿವರ ಇರುವುದಿಲ್ಲ.

ಅತ್ತೆಗೆ ಆ ನಡುಮನೆಯೇ ಕಾರ್ಖಾನೆ. ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವ ಅವರಿಗೆ ಬಟ್ಟೆ ಹಾಸಿ ಕತ್ತರಿಸಲು ನೆಲ ಬೇಕು. ಆ ನೆಲದ ನಟ್ಟನಡುವೆ ಈ ನೀಲಿ ಬೆಟ್ಟ. "ಈ ಪೆಟ್ಟಿಗೆ ಯಾವಾಗ ತೊಲಗುತ್ತೋ" ಎಂಬುದು ದಿನಕ್ಕೊಮ್ಮೆಯಾದರೂ ಮನೆಯಲ್ಲಿ ಮೊಳಗುವ ಮಾತು. ಅನ್ನುತ್ತಲೇ ಅದರ ಮೇಲೊಂದು ಹಳೆಯ ಕಂಬಳಿ ಹಾಸಿದರು. ಕಂಬಳಿಯ ಮೇಲೆ ಇಸ್ತ್ರಿಪೆಟ್ಟಿಗೆ ಬಂತು, ಸೀಮೆಸುಣ್ಣ ಬಂತು, ಕತ್ತರಿ ಬಂತು. ಗಿಣಿ ಮೊದಲ ಸಲ ಎದ್ದು ನಿಂತಿದ್ದೂ ಆ ಪೆಟ್ಟಿಗೆಯ ಚೀಟಿಯಿದ್ದ ಹಿಡಿಕೆ ಹಿಡಿದೇ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಆಪರೇಷನ್ನಾದ ಮೇಲೆ ಗಿಣಿಗೆ ಜ್ವರ ಏರಿ, ಅತ್ತೆ ಅವಳನ್ನು ಹೆಗಲಿನಿಂದ ಇಳಿಸದೆ ಓಡಾಡಿ, ಜ್ವರ ಬಿಟ್ಟ ಬೆಳಿಗ್ಗೆ ನಾನು ಅವರಿಗೊಂದು ಮಾತು ಕೊಟ್ಟುಬಿಟ್ಟಿದ್ದೆ. "ಇನ್ನು ನಿಮ್ಮನ್ನ ಬಿಟ್ಟು ನಾವೆಲ್ಲೂ ಹೋಗಲ್ಲ ಅತ್ತೆ" ಎಂದಿದ್ದೆ. ಅವರು "ಒಲೆ ಮೇಲೆ ಹಾಲು ಉಕ್ತಿದೆ ನೋಡು" ಎಂದಿದ್ದರು. ಭಾವುಕತೆಯಿಂದ ಬೇರೆ ಮಾತು ಹೊರಡಲಿಲ್ಲ ಅವರಿಗೆ ಎಂದು ನಾನು ಅರ್ಥ ಮಾಡಿಕೊಂಡೆ.

ಹೀಗಾಗಿ ನನ್ನ ಪರಿಸ್ಥಿತಿ ಏನಾಯಿತೆಂದರೆ, ಕಚೇರಿಗೆ ಹೋಗಿ 'ಹೊರಡುವ ಉದ್ದೇಶ ಸದಾ ಇತ್ತು' ಎನ್ನಬೇಕು, ಮನೆಯಲ್ಲಿ 'ಎಲ್ಲೂ ಹೋಗುವುದಿಲ್ಲ' ಎಂದಾಗಿದೆ. ಅರ್ಜಿ ಹಾಕಿದ್ದು ಅತ್ತೆಗೆ ಗೊತ್ತಿಲ್ಲ. ಇವರು ದಿನವೂ ಒಂದೇ ರಾಗ.

"ಅಮ್ಮನಿಗೆ ಹೇಳಿದ್ಯಾ?"

"ನಿಮ್ಮಮ್ಮ. ನೀವೇ ಹೇಳಿ."

"ಎಲ್ಲೂ ಹೋಗಲ್ಲ ಅಂತ ಮಾತು ಕೊಟ್ಟೋಳು ನೀನು. ನಾನೇನಾದ್ರೂ ಕೊಟ್ನಾ?"

"ಕೇಳಿದ್ರೆ ಅತ್ತೆ ಕುಸಿದು ಹೋಗ್ತಾರೆ ಕಣ್ರೀ."

"ಅಮ್ಮನಾ?" ಎಂದರು ಇವರು, ನಾನು ಬೇರೆ ಯಾರನ್ನೋ ಕುರಿತು ಮಾತಾಡುತ್ತಿದ್ದೇನೆ ಎಂಬ ಹಾಗೆ.

ಹೇಳಲು ಹೋಗಲಿಲ್ಲವೆಂದಲ್ಲ. ಒಂದು ದಿನ ಹೋದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು, ಕೈ ನಡುಗಿದರೆ ಎಂದು ಹಿಂದೆ ಬಂದೆ. ಇನ್ನೊಂದು ದಿನ ಅವರ ಕೈಯಲ್ಲಿ ಕತ್ತರಿಯಿತ್ತು. ಆ ಹೊತ್ತಿಗೆ ಹೇಳುವುದು ಯಾರಿಗೂ ಕ್ಷೇಮವಲ್ಲ. ಮತ್ತೊಂದು ದಿನ ಬಹಳ ಖುಷಿಯಾಗಿದ್ದರು, ಯಾಕೆ ಕೆಡಿಸುವುದು ಎನ್ನಿಸಿತು. ಹೀಗೆ ಅತ್ತೆಯ ಸುಖದುಃಖಗಳನ್ನು ಕಾಯುತ್ತ ಕಾಯುತ್ತ ಸಂದರ್ಶನದ ದಿನವೇ ಬಂದುಬಿಟ್ಟಿತು. ಕಿವಿ ಡಾಕ್ಟರ ಹತ್ತಿರ ಹೋಗಿ ಬರುತ್ತೇವೆ ಎಂದು ಹೇಳಿ ಹೊರಟೆವು.

ಅತ್ತೆ ಮೆಷಿನ್ನಿನಿಂದ ತಲೆಯೆತ್ತಿ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಕಿವಿ ಡಾಕ್ಟ್ರ ಹತ್ರ ಹೋಗೋಕೆ ಟೈ ಯಾಕೋ?"

"ಹೊಸ ಡಾಕ್ಟ್ರು ಅಮ್ಮ" ಎಂದರು ಇವರು. ಹಲ್ಲು ಕೂರಿಸುವುದರಲ್ಲಿ ಇರುವ ನೈಪುಣ್ಯ ಸುಳ್ಳು ಕೂರಿಸುವುದರಲ್ಲಿ ಇವರಿಗಿಲ್ಲ.

ಕಚೇರಿಯಲ್ಲಿ ನೆಲಕ್ಕೆ ಮೊಳೆ ಹೊಡೆದ ಕುರ್ಚಿಗಳು. ಎಲ್ಲರೂ ತಮ್ಮ ತಮ್ಮ ಫೈಲನ್ನು ಎದೆಗವಚಿಕೊಂಡು ಗೋಡೆಯ ಮೇಲಿನ ಕೆಂಪು ನಂಬರನ್ನೇ ನೋಡುತ್ತಿದ್ದರು. ನಾನು ಗಿಣಿಗೆ, ಒಳಗೆ ತುಟಿ ಬಿಚ್ಚದಿದ್ದರೆ ಸಂಜೆ ಉಯ್ಯಾಲೆಗೆ ಕರೆದೊಯ್ಯುತ್ತೇನೆ ಎಂದು ಲಂಚದ ಒಪ್ಪಂದ ಮಾಡಿಕೊಂಡೆ.

ಕಚೇರಿ ಆ ದೇಶದ್ದಾದರೂ ಅಧಿಕಾರಿ ನಮ್ಮ ಮಾತಿನವರೇ. ಅತ್ತೆಯ ವಯಸ್ಸಿನ ಹೆಂಗಸು. ಕನ್ನಡಕಕ್ಕೆ ಸರಪಣಿ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ತಿಂಗಳಿಡೀ 'ಸಾರ್, ಸಾರ್' ಎಂದು ಅಭ್ಯಾಸ ಮಾಡಿದ್ದ ನನಗೆ ಅಲ್ಲೇ ಮೊದಲ ಏಟು. ಡಾಕ್ಟರ ಕಾಗದ ನೋಡಿ, ಕಿವಿಯ ಕಾರಣ ಸರಿಯಾಗಿದೆ ಎಂದರು. ಆಮೇಲೆ ಕನ್ನಡಕ ಏರಿಸಿಕೊಂಡು ನನ್ನನ್ನೇ ಕೇಳಿದರು:

"ವಾಪಸ್ ಹೋಗೋ ಉದ್ದೇಶ ಮೊದಲಿನಿಂದ್ಲೂ ಇತ್ತಾ?"

ಕನ್ನಡಿಯ ಮುಂದೆ ಸರಾಗವಾಗಿ ಹರಿಯುತ್ತಿದ್ದ ಉತ್ತರ ಅಲ್ಲಿ ದಾರಿ ತಪ್ಪಿತು. "ಇತ್ತು ಸಾರ್... ಮೇಡಂ. ಇರಲಿಲ್ಲ ಅಂತಲ್ಲ. ಇತ್ತು, ಆದ್ರೆ ಹೇಳಿರಲಿಲ್ಲ. ಅಂದ್ರೆ ಹೋಗಲ್ಲ ಅಂತ ಹೇಳಿದ್ದೆ, ಆದ್ರೆ ಅದು ಜ್ವರದಲ್ಲಿ. ಮಗುವಿನ ಜ್ವರದಲ್ಲಿ" ಎಂದೆ. ಇವರು ತಮ್ಮ ಟೈಯನ್ನು ದಿಟ್ಟಿಸಿ ನೋಡುತ್ತ ಕೂತರು. ಅಧಿಕಾರಿ ಪೆನ್ನು ಕೆಳಗಿಟ್ಟರು. ಲೈಬ್ರರಿ, ಶನಿವಾರ, ಇವರ ಖಾಲಿ ಮೇಜು ಎಲ್ಲವೂ ಆ ಪೆನ್ನಿನ ಜೊತೆಗೇ ಮಲಗಿದಂತಾಯಿತು ನನಗೆ. ಗಾಬರಿಯಲ್ಲಿ ಚೀಲದಲ್ಲಿದ್ದ ಫೋಟೋಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ಕಿವಿಗೆ ಹತ್ತಿ ಇಟ್ಟ ಗಿಣಿ, ಬ್ಯಾಂಡೇಜು ಕಟ್ಟಿದ ಗಿಣಿ, ಅಳುವ ಗಿಣಿ, ಅತ್ತೆಯ ಹೆಗಲ ಮೇಲಿನ ಗಿಣಿ.

ಅವರು ಒಂದೊಂದಾಗಿ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. "ಈ ನೀಲಿ ಪೆಟ್ಟಿಗೆ ಏನು? ಮಗು ಪಕ್ಕದಲ್ಲಿ ಎಲ್ಲಾ ಫೋಟೋದಲ್ಲೂ ಇದೆಯಲ್ಲ. ಚೀಟಿ ಕೂಡ ಹಾಗೇ ಇದೆ."

ನಾನು ಬಾಯಿ ತೆರೆಯುವ ಮೊದಲೇ ಗಿಣಿ, ಉಯ್ಯಾಲೆಯ ಆಸೆಯನ್ನು ಗಾಳಿಗೆ ತೂರಿ, ಸೊಂಟಕ್ಕೆ ಕೈಯಿಟ್ಟು, ಅತ್ತೆಯ ದನಿಯಲ್ಲೇ ಒಪ್ಪಿಸಿದಳು: "ಈ ಪೆಟ್ಟಿಗೆ ಯಾವಾಗ ತೊಲಗುತ್ತೋ."

"ಯಾರು ಹೇಳ್ತಾರೆ ಪುಟ್ಟಿ ಹೀಗೆ?"

"ಅಜ್ಜಿ. ದಿನಾ."

ಅಧಿಕಾರಿಯ ಮುಖದಲ್ಲಿ ನಗೆಯಂಥದ್ದೇನೋ ಬಂದು ಹೋಯಿತು. ಹಾಗಾದರೆ ಈ ವಿಷಯ ಕೇಳಬೇಕಾದ್ದು ಅಜ್ಜಿಯನ್ನೇ ಎಂದರು. ಮೂರು ವರ್ಷ ನಾವಿದ್ದದ್ದು ಅವರ ಮನೆಯಲ್ಲಿ. ಮಗ ಸೊಸೆ ಹೊರಡುವವರಾಗಿಯೇ ಇದ್ದರು ಎಂದು ಮನೆಯ ಹಿರಿಯರು ಹೇಳಿದರೆ ತಮ್ಮ ಕೆಲಸ ಮುಗಿಯಿತು, ಇಲ್ಲೇ ನೆಲೆ ನಿಂತಿದ್ದಾರೆ ಎಂದರೂ ಮುಗಿಯಿತು. ಊಟ ಮುಗಿಸಿ ತಾವೇ ಫೋನ್ ಮಾಡುವುದಾಗಿ ಹೇಳಿದರು. ಇವರು ಮಹಾ ಉತ್ಸಾಹದಿಂದ ನಂಬರ್ ಬರೆದುಕೊಟ್ಟರು.

ಹೊರಗೆ ಮೊಗಸಾಲೆಗೆ ಬಂದೆವು. ಏನೂ ಗೊತ್ತಿಲ್ಲದ ಅತ್ತೆ ಫೋನ್ ಎತ್ತಿ, "ಹೋಗೋದಾ? ಎಲ್ಲೂ ಹೋಗಲ್ಲ ಅಂತ ಸೊಸೆ ಮಾತು ಕೊಟ್ಟಿದ್ದಾಳೆ" ಎಂದುಬಿಟ್ಟರೆ? ಇವರು ನನ್ನ ಕೈಗೆ ಫೋನ್ ಕೊಟ್ಟು, ಗಿಣಿಯನ್ನು ನೀರು ಕುಡಿಸುವ ನೆಪದಲ್ಲಿ ಎತ್ತಿಕೊಂಡು, ಕಣ್ಣಿಗೆ ಕಾಣುವಷ್ಟು ಹತ್ತಿರ, ಮಾತು ಕೇಳದಷ್ಟು ದೂರ ಹೋಗಿ ನಿಂತರು.

ಕೊನೆಗೂ ನಂಬರ್ ಒತ್ತಿದೆ. ಆ ಕಡೆ ಮೆಷಿನ್ನಿನ ಸದ್ದು.

"ಅತ್ತೆ, ಕೂತಿದ್ದೀರಾ?"

"ನಿಂತ್ಕೊಂಡು ಹೊಲಿಯೋಕಾಗುತ್ತಾ? ಕಿವಿ ಏನಂತೆ?"

ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಲ್ಯಾಬು, ಅರ್ಜಿ, ಕಚೇರಿ, ಮೇಡಂ, ಫೋಟೋ. ಮಾತು ಕೊಟ್ಟು ತಪ್ಪುತ್ತಿದ್ದೇನೆ ಎಂದೂ ಹೇಳಿದೆ. ಮೆಷಿನ್ನು ನಿಂತಿತು. ಅವರ ಅಳುವಿಗೆ ನಾನು ಸಿದ್ಧಳಾದೆ.

"ಯಾವತ್ತು ಹೊರಡ್ತೀರ?" ಎಂದರು ಅತ್ತೆ.

"ಇನ್ನೂ ಗೊತ್ತಿಲ್ಲ ಅತ್ತೆ..."

"ಶಾಲೆ ಶುರುವಾಗೋದ್ರೊಳಗೆ ಹೊರಟ್ರೆ ಒಳ್ಳೇದು. ನಿಮ್ಮ ರೂಮಲ್ಲಿ ಎರಡನೇ ಮೆಷಿನ್ ಹಾಕ್ಬೇಕು. ಬಡಗಿ ಬಂದು ಟೇಬಲ್‌ಗೆ ಅಳತೆ ತಗೊಂಡು ಹೋಗಿ ಆಯ್ತು."

"ಅಳತೆ? ಯಾವಾಗ?"

"ನೀನು ಬಚ್ಚಲಲ್ಲಿ 'ಇತ್ತು ಸಾರ್, ಇತ್ತು ಸಾರ್' ಅಂತ ಕನ್ನಡಿಗೆ ಹೇಳ್ತಿದ್ಯಲ್ಲ, ಆ ವಾರ."

ಹೋಗಬೇಡಿ ಎಂದು ಗೋಗರೆಯುವ ಅತ್ತೆಯನ್ನು ಸಮಾಧಾನಪಡಿಸಲು ನನ್ನ ಬಳಿ ಮೂರು ಬಗೆಯ ಮಾತು ತಯಾರಿತ್ತು. ಈಗ ನೋಡಿದರೆ ಒದ್ದೆಯಾದ ದನಿ ನನ್ನದೇ. "ಅಂದ್ರೆ, ನಾವು ಹೋದ್ರೆ ನಿಮಗೇನೂ ಅನ್ಸಲ್ವಾ ಅತ್ತೆ?"

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದಾಯಿತು.

"ಅನ್ಸೋದೆಲ್ಲ ಅನ್ಸುತ್ತೆ. ಅದನ್ನ ಆ ಮೇಡಂ ಕೇಳಲ್ವಲ್ಲ. ಬಂದಾಗಿನಿಂದ ಪೆಟ್ಟಿಗೆ ಬಿಚ್ಚಿಲ್ಲ, ಎರಡು ದಿನಕ್ಕೆ ಬಂದ ನೆಂಟ್ರೂ ಇವರಿಗಿಂತ ಹರಡಿಕೊಂಡು ಇರ್ತಾರೆ ಅಂತ ಹೇಳ್ತೀನಿ. ಸಾಕಾ?"

"ಸಾಕು ಅತ್ತೆ."

"ಆದ್ರೆ ಒಂದು ಷರತ್ತು."

ಗಿಣಿಯನ್ನು ಬಿಟ್ಟು ಹೋಗು ಎನ್ನುತ್ತಾರೆ. ಖಂಡಿತ ಅದೇ.

"ನೀವು ಮೂರು ಜನ ಹೋಗಿ. ಪೆಟ್ಟಿಗೆ ಇಲ್ಲೇ ಇರಲಿ."

"ಅತ್ತೆ, ದಿನಾ ತೊಲಗಲಿ ಅಂತಿದ್ರಲ್ಲ."

"ಕೂತು ಇಸ್ತ್ರಿ ಹಾಕೋಕೆ ಅದರ ಎತ್ತರ ಸರಿಯಾಗಿದೆ. ಕೋಟು ಗೀಟು ಬೇರೆ ಚೀಲಕ್ಕೆ ತುಂಬ್ಕೋ. ಆ ಚೀಟಿನೂ ಹರೀಬೇಡ, ಮಗು ಅದನ್ನ ಹಿಡ್ಕೊಂಡೇ ಎದ್ದು ನಿಂತಿದ್ದು." ಮೆಷಿನ್ನು ಮತ್ತೆ ಶುರುವಾಯಿತು. ಅದರ ಸದ್ದಿನ ಮೇಲೆ ಅತ್ತೆ ದನಿಯೇರಿಸಿದರು. "ಇನ್ನು ಫೋನ್ ಇಡು. ಆ ಮೇಡಂಗೆ ಲೈನ್ ಬಿಜಿ ಬಂದ್ರೆ ನೀವು ಇಲ್ಲೇ ಉಳ್ಕೋತೀರ."