ಆಟ ಆಡಸಾಕ ಕಾಗದ ಕೇಳಿದವರು

ಸಿಟ್ಟು ಮಾಡಬಾರದು ಅಂತ ದೇವರಿಗೆ ಕೈ ಮುಗಿದು ಹೊರಗ ಬರ್ತೇನಿ. ಹೊಸ್ತಿಲು ದಾಟೂದರಾಗ ಸಿಟ್ಟು ಬರಸಾವರು ಬಾಗಲಾಗ ನಿಂತಿರ್ತಾರ.

ಬ್ಯಾಡಗಿಯ ಮಹಿಳಾ ಮಂಡಳದಾಗ ಹೆಂಗಸರಿಗೂ ಹುಡುಗರಿಗೂ ಆಟ ಆಡಸೂದು ನನ್ನ ಕೆಲಸ. ಹನ್ನೆರಡು ವರ್ಷ ಮಾಡಿದೆ. ಆಮ್ಯಾಲೆ ಆ ಕೆಲಸ ಕಾಯಂ ನೌಕರಿ ಆಗ್ತೈತಿ ಅಂತ ಸುದ್ದಿ ಬಂತು. ಸುದ್ದಿ ಬಂದ ದಿನಾನ ಕಾರ್ಯದರ್ಶಿ ಸಾಹೇಬರಿಗೆ ಎರಡು ಮಾತು ನೆನಪಾದುವು: ನನಗ ಓದು ಬರೂದಿಲ್ಲ, ಅವರ ತಂಗಿ ಮಗನ ಕಡೆ ತರಬೇತಿ ಕಾಗದ ಐತಿ.

"ಯವ್ವಾ, ಇನ್ನ ಆತ ಆಡಸಲಿ. ನೀ ನೀರು ಕೊಡು" ಅಂದರು.

ಮಂದಿನ್ನ ನಗಸೋ ಹೊಟ್ಟಿಪಾಡು ನಂದು. ಅವತ್ತು ಮೈಯೆಲ್ಲಾ ಉರಿ ಹತ್ತಿತ್ತು.

ಅಳು

ತಂಗಿ ಮಗ ಬಂದ. ಬಿಳಿ ಪ್ಯಾಂಟು, ಕೊರಳಾಗ ಸೀಟಿ. ಒಂದು ಕೂಸು ಅಳಾಕತ್ತಿತ್ತು. ಈತ ಸೀಟಿ ಊದಿದ. ಒಂದಿದ್ದದ್ದು ಹನ್ನೊಂದು ಆದುವು.

"ತಮ್ಮಾ, ಇದಕ್ಕೇನು ಹೇಳ್ಯಾರ ನಿಮ್ಮ ತರಬೇತಿದಾಗ?"

"ಅಳು ನಿಂತಮ್ಯಾಲೆ ಆಟ ಶುರು ಮಾಡ್ರಿ ಅಂದಾರ."

"ಅಂದರ ಇವುಗಳ ಮದವಿ ಆದಮ್ಯಾಲೆ ಶುರು ಮಾಡ್ತಿ ಏನು?"

ನೀರಿನ ತಂಬಗಿ ಕೆಳಗಿಟ್ಟು, "ಎಲ್ಲಾರಕಿಂತ ಜೋರು ಯಾರು ಅಳ್ತೀರಿ ನೋಡೂಣು, ಗೆದ್ದವರಿಗೆ ಶೇಂಗಾ ಉಂಡಿ!" ಅಂದೆ. ಬೇಕಂತ ಅಳಾಕ ಹೋದರ ಯಾವ ಕೂಸಿಗೆ ಅಳು ಬರ್ತೈತಿ? ಬಾಯಿ ತೆರೆದು ಒಂದರ ಮಾರಿ ಒಂದು ನೋಡಿ ಕಿಸಕ್ಕನ ನಕ್ಕವು. ಅಳುಮಾರಿ ಉಳಿದದ್ದು ಒಬ್ಬಂದ. ಉಂಡಿ ಆ ಸೀಟಿಯವಗ ಕೊಟ್ಟೆ.

ಉಸಿರು

ಬ್ಯಾಡಗ್ಯಾಗ ಸುಗ್ಗಿ ಬಂತಂದರ ಓಣಿ ತುಂಬ ಮೆಣಸಿನಕಾಯಿ ಚೀಲ. ಆ ದಿನಗಳಾಗ ನಾನು ಕಿಡಕಿ ಮುಚ್ಚಿ ಒಳಗ ಚೌಕಾಬಾರ ಆಡಸ್ತಿದ್ದೆ. ಈತ "ವ್ಯಾಯಾಮಕ್ಕ ಬಯಲ ಗಾಳಿ ಬೇಕು" ಅಂತ ಹೆಂಗಸರನ್ನೆಲ್ಲಾ ಅಂಗಳದಾಗ ನಿಂದರಿಸಿದ. ಎದುರಿಗೇ ಚೀಲ ಇಳಸಾಕತ್ತಿದ್ದರು.

"ಬ್ಯಾಡೋ ತಮ್ಮಾ" ಅಂದೆ.

"ನೀವು ನೀರು ನೋಡ್ಕೋರಿ" ಅಂದ.

"ಮೂಗಿಲೆ ಉದ್ದಕ ಉಸಿರು ಎಳೀರಿ" ಅಂತ ಮೊದಲು ತಾನೇ ಎಳದು ತೋರಿಸಿದ. ಎರಡನೇ ಉಸಿರಿಗೆ ಯಾರೂ ಉಳೀಲಿಲ್ಲ. ಕೆಮ್ಮು, ಸೀನು, ಕಣ್ಣೀರು. ಆತ ಗ್ವಾಡಿ ಹಿಡಕೊಂಡು "ಯವ್ವಾ... ನೀರು..." ಅಂದ.

ನನಗ ಹಚ್ಚಿದ ಕೆಲಸ ಅದ ಅಲ್ಲೇನು? ತಂಬಗಿ ಹಿಡದು ನಿಂತೆ. "ಸಾಲಾಗಿ ಬರ್ರಿ," ಅಂದೆ, "ಹೆಂಗಸರು ಮೊದಲು."

ಅಳತಿ

ಕಾಯಂ ನೌಕರಿಗೆ ನಾನೂ ಅರ್ಜಿ ಬರಸಿ ಹಾಕಿದ್ದೆ. ಹಾವೇರಿಗೆ ಇಬ್ಬರನ್ನೂ ಸಂದರ್ಶನಕ್ಕ ಕರದರು. ಮೂರು ಮಂದಿ ಕುಂತಿದ್ದರು. ಒಬ್ಬರು ಕೇಳಿದರು: "ಖೋ ಖೋ ಅಂಗಳ ಎಷ್ಟು ಉದ್ದ ಇರಬೇಕು?"

"ನಮ್ಮಲ್ಲಿ ಬಾವಿಯಿಂದ ತಿಪ್ಪಿತನಕ ಐತ್ರಿ. ಈ ಕಡೆ ಒಂದು ಹೆಜ್ಜಿ ಹೆಚ್ಚಾದರ ಬಾವಿ, ಆ ಕಡೆ ಹೆಚ್ಚಾದರ ತಿಪ್ಪಿ."

"ಹಂಗಲ್ಲ. ನಿಯಮ ಏನು ಹೇಳ್ತೈತಿ?"

"ನಿಯಮ ಬಂದು ಒಮ್ಮೆ ಓಡಿ ನೋಡಲ್ರಿ."

ಮೂವರೂ ತಲಿ ಕೆಳಗ ಹಾಕಿದರು, ನಗು ಮುಚ್ಚಾಕ. ಕಡೀಕ ಅಂದರು: "ರಾಣಿಬೆನ್ನೂರಿಗೆ ಇಲಾಖೆಯ ದೊಡ್ಡ ಮೇಡಂ ಬರ್ತಾರ. ನೀವೂ ಆ ಹುಡುಗನೂ ಇಬ್ಬರೂ ಬರ್ರಿ. ಅವರು ಯಾರಿಗೆ ಹೂಂ ಅಂತಾರ, ಅವರಿಗೇ ನೌಕರಿ."

ಖುರ್ಚಿ

ರಾಣಿಬೆನ್ನೂರಿನ ಸಭಾಭವನ. ಮುಂದ ಮೇಡಂ, ಬಾಜೂಕ ನಮ್ಮ ಕಾರ್ಯದರ್ಶಿ. ತಂಗಿ ಮಗ ಸಂಗೀತ ಖುರ್ಚಿ ಆಟ ಇಟ್ಟ. ಆಡಾಕ ನಿಂತವರು ಯಾರು? ಬ್ಯಾಡಗಿಯಿಂದ ಬಂದ ಅತ್ತಿ-ಸೊಸಿ ಜೋಡಿಗಳು. ಆತ ಅದನ್ನ ನೋಡಲೇ ಇಲ್ಲ.

ಟೇಪ್‌ರೆಕಾರ್ಡರ್ ನಿಂತಿತು. ಅತ್ತೆಂದಿರು ಕುಂತರು. ಸೊಸೆಂದಿರು ಸೆರಗು ಸರಿಮಾಡಿಕೊಂಡು ನಿಂತರು. ಅರ್ಧ ಖುರ್ಚಿ ಖಾಲಿ.

"ಕುಂದ್ರಿ, ಕುಂದ್ರಿ!" ಅಂತ ಈತ ಸೀಟಿ ಊದಿದ.

"ಅತ್ತಿ ಸರಿಸಮ ಹೆಂಗ ಕುಂದರೂದ್ರಿ?" ಅಂದಳು ಒಬ್ಬಾಕಿ.

ನಾವೆಲ್ಲಾ ಖಾಲಾ ಅಂತ ಕರಿಯೋ ನಮ್ಮ ಓಣಿ ಅಜ್ಜಿ ತನ್ನ ಸೊಸಿಗೆ "ಕುಂದ್ರ ಬೇಟಿ" ಅಂದರ, ಆಕಿ "ನೀವು ಕುಂತೀರಲ್ಲ ಅಮ್ಮೀ, ನಾ ಕುಂತಂಗ ಆತು" ಅಂದಳು.

ಮೇಡಂ ಹುಬ್ಬು ಏರಿಸಿದರು. "ಇದೇನ್ರೀ ಆಟ?"

ಕಾರ್ಯದರ್ಶಿ ನನ್ನ ಕಿವ್ಯಾಗ ಬಂದು "ಯವ್ವಾ, ಮಾನ ಉಳಸು" ಅಂದರು. ಯಾರ ಮಾನ? ಸಿಟ್ಟು ನೆತ್ತಿಗೇರಿತು. ಆದರ ನೌಕರಿ ಕಣ್ಣ ಮುಂದ ಇತ್ತು. ಕೈ ಎತ್ತಿ ಕೂಗಿದೆ: "ಕೇಳ್ರವ್ವಾ! ಈಗಿಂದ ನಿಂತವರು ಆಟದಾಗ, ಕುಂತವರು ಔಟ್!"

ಹೇಳೂದ ತಡ, ಅತ್ತೆಂದಿರೆಲ್ಲಾ ಜಿಗದು ಎದ್ದರು. "ಕುಂದ್ರ! ನಾ ಹೇಳಾಕತ್ತೇನಿ, ಕುಂದ್ರ!" ಅಂತ ಸೊಸಿ ಭುಜ ಒತ್ತಾಕತ್ತರು. "ಹಿರಿಯಾರು ನಿಂತಾಗ ನಾವು ಹೆಂಗ ಕುಂದರೂದ್ರಿ?" ಅಂತ ಸೊಸೆಂದಿರು ಕಂಬದಂಗ ನಿಂತರು. ಮೊಣಕಾಲು ನೋವಿನ ಖಾಲಾನೂ ನಿಂತ ಬಿಟ್ಟಳು! ಮೇಡಂ ನಕ್ಕು ನಕ್ಕು ಕಣ್ಣೊರಸಿಕೊಂಡು ಎದ್ದು ಬಂದರು.

ಕಾರ್ಯದರ್ಶಿಗೆ ಜೀವ ಬಂತು. "ನೋಡಿದ್ರಿ ಮೇಡಂ, ಎಲ್ಲಾ ನಮ್ಮ ಹುಡುಗನ ತರಬೇತಿ" ಅಂತ ಠೀವಿಲೆ ನಡಬರಕಿನ ಖಾಲಿ ಖುರ್ಚ್ಯಾಗ ಕುಂತರು.

ಎಲ್ಲಾ ಹೆಂಗಸರು ಒಂದ ದನೀಲೆ: "ಸಾಹೇಬ್ರು ಔಟ್!"

ಮೇಡಂ ಅಂದರು, "ಔಟ್ ಅಂದಮ್ಯಾಲೆ ಹೊರಗ ನಡೀಬೇಕ್ರಿ. ನೌಕರಿ ಈ ಅವ್ವಂದು."

ತಂಗಿ ಮಗ ಮಾತ್ರ ಶಾಣ್ಯಾ. ಬ್ಯಾಡಗಿತನಕ ಬಸ್ಸಿನ್ಯಾಗ ಅಷ್ಟು ಜಾಗ ಖಾಲಿ ಇತ್ತು, ನನ್ನ ಮಾರಿ ನೋಡಿಕೋಂತ ನಿಂತ ಬಂದ.