ತೀರಿಕೊಂಡ ತಾಯಿ ಹಪ್ಪಳ ಒಣಗಿಸಿದ್ದು

ಸಿನಿಮಾ ಮುಗಿದು ದೀಪ ಹತ್ತಿದ ಕೂಡಲೇ ಮನುಷ್ಯರ ನಿಜವಾದ ಸ್ವಭಾವ ಹೊರಬೀಳುತ್ತದೆ ಎಂಬುದು ನನ್ನ ನಂಬಿಕೆ. ಕೆಲವರು ಕಾಲಿನಿಂದಲೇ ತಡಕಾಡಿ ಚಪ್ಪಲಿ ಹುಡುಕುತ್ತಾರೆ. ಕೆಲವರು ಆಟೋ ಸಿಗುವುದೋ ಇಲ್ಲವೋ ಎಂದು ಓಡುತ್ತಾರೆ. ಕೆಲವರು ಕಣ್ಣೊರೆಸಿಕೊಂಡು, ಅತ್ತದ್ದು ತಾವಲ್ಲವೆಂಬಂತೆ ಪಕ್ಕದವರನ್ನು ನೋಡುತ್ತಾರೆ. ಇವರೆಲ್ಲ ಆರೋಗ್ಯವಂತರು. ಇನ್ನೊಂದು ಜಾತಿಯಿದೆ. ಅವರು ಸೀಟು ಬಿಟ್ಟು ಏಳುವುದೇ ಇಲ್ಲ. ಪಕ್ಕದವರ ಮೊಣಕೈ ಹಿಡಿದು, "ಆ ಕಿಟಕಿ ಯಾಕೆ ತೆಗೆದೇ ಇಟ್ಟಿದ್ದ, ಗೊತ್ತಾಯ್ತಾ?" ಎಂದು ಕೇಳುತ್ತಾರೆ. ಇಟ್ಟಿದ್ದವನು ಎಂದರೆ ನಿರ್ದೇಶಕ. ನಾನು ಆ ಜಾತಿಯವನು. ನನ್ನ ಹೆಂಡತಿ ಪದ್ಮಳ ಮೊಣಕೈ ಈ ಕಾರಣದಿಂದಲೇ ಸವೆದಿದೆ ಎಂದು ಅವಳು ಹೇಳುತ್ತಾಳೆ.

ನನ್ನ ತಪ್ಪೇನೂ ಇಲ್ಲ. ಒಳ್ಳೆಯ ನಿರ್ದೇಶಕ ಕಥೆ ಹೇಳುವ ರೀತಿ ಕಂಡರೆ ನನಗೆ ಸುಮ್ಮನಿರಲು ಬರುವುದಿಲ್ಲ. ಒಂದು ಚಿತ್ರದಲ್ಲಿ ಬಡ ಮೇಷ್ಟರ ಮನೆಗೆ ನೆಂಟರು ಬರುತ್ತಾರೆ. ಮೇಷ್ಟರ ಹೆಂಡತಿ ಅವರಿಗೆಲ್ಲ ಕಾಫಿ ಕೊಟ್ಟು, "ನಂದು ಆಗ್ಲೇ ಆಯ್ತು" ಎನ್ನುತ್ತಾಳೆ. ಮೇಷ್ಟರು ತಲೆ ತಗ್ಗಿಸುತ್ತಾರೆ. ಅಷ್ಟೇ. ಹಾಲಿಲ್ಲ, ಸಕ್ಕರೆಯಿಲ್ಲ, ಸಂಬಳ ಬಂದಿಲ್ಲ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾನು ಪದ್ಮಳ ಕಡೆ ತಿರುಗಿ, "ನೋಡ್ದ್ಯಾ, ಒಂದು ಲೋಟ ಕಾಫಿಯಲ್ಲಿ ಇಡೀ ಸಂಸಾರ ಹೇಳ್ಬಿಟ್ಟ!" ಎಂದೆ. ಅವಳು, "ನೋಡ್ದೆ. ಕಥೆ ಅರ್ಥವಾಯ್ತು, ಚೆನ್ನಾಗಿದೆ. ನಡೀರಿ, ಹಾಲಿಗೆ ಹೆಪ್ಪು ಹಾಕ್ಬೇಕು" ಎಂದಳು.

ನಾವಿರುವುದು ಮದ್ರಾಸಿನ ವಡಪಳನಿಯಲ್ಲಿ. ಸುತ್ತ ಸ್ಟುಡಿಯೋಗಳು. ತರಕಾರಿ ಅಂಗಡಿಯಲ್ಲಿ ಪಕ್ಕ ನಿಂತವರು ಮೇಕಪ್ಪಿನವರೋ ಲೈಟಿನವರೋ ಆಗಿರುತ್ತಾರೆ. ಒಮ್ಮೆ ಮೈಸೂರಿನಿಂದ ಬಂದ ನೆಂಟರನ್ನು ಶೂಟಿಂಗ್ ನೋಡಲು ಕರೆದುಕೊಂಡು ಹೋಗಿದ್ದೆ. ಬೆಳಗಿನಿಂದ ಸಂಜೆಯವರೆಗೆ ನಾಯಕ ಒಂದೇ ಮೆಟ್ಟಿಲನ್ನು ಹತ್ತಿದ, ಇಳಿದ, ಮತ್ತೆ ಹತ್ತಿದ. ನೆಂಟರು ಬೇಸತ್ತು, "ಇವನು ಮೇಲಕ್ಕೆ ಹೋಗೋದು ಯಾವಾಗ?" ಎಂದು ಕೇಳಿದರು. ನಾನು ಅವರಿಗೆ ಮೆಟ್ಟಿಲಿನ ಅಂತರಾರ್ಥ ವಿವರಿಸತೊಡಗಿದೆ. ಆ ನೆಂಟರು ಆಮೇಲೆ ಮದ್ರಾಸಿಗೆ ಬಂದಾಗಲೆಲ್ಲ ಎಗ್ಮೋರಿನ ಹೋಟೆಲಿನಲ್ಲಿ ಇಳಿದುಕೊಳ್ಳುತ್ತಾರೆ.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ಮಗಳು ಮಾಲತಿಗೆ ಗಂಡು ನೋಡುವ ಕಾಲ ಬರದಿದ್ದರೆ. ಮೊದಲ ಸಲ ಬಂದ ಹುಡುಗ ಲಕ್ಷಣವಾಗಿದ್ದ. "ಯಾವ ಥರದ ಸಿನಿಮಾ ಇಷ್ಟ?" ಎಂದು ನಾನು ಸಹಜವಾಗಿ ಕೇಳಿದೆ. "ಫೈಟ್ ಚೆನ್ನಾಗಿದ್ರೆ ಸಾಕು" ಎಂದ. ಅವನ ಭವಿಷ್ಯದ ಬಗ್ಗೆ ನನಗೆ ಕಾಳಜಿ ಹುಟ್ಟಿ, ಕ್ಯಾಮೆರಾ ಏಕೆ ಓಡಬೇಕು, ಏಕೆ ನಿಲ್ಲಬೇಕು ಎಂದು ತಿಳಿಸಿಕೊಟ್ಟೆ. ಕೇಸರಿಬಾತು ತಣ್ಣಗಾಯಿತು. ಅವನ ತಂದೆ ಎದ್ದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದರು. ಊರು ಬಹಳ ದೂರವಿತ್ತೇನೋ, ಇನ್ನೂ ತಿಳಿಸಿಲ್ಲ.

ಎರಡನೆಯದು ಹಾಗಲ್ಲ. ಗಿಂಡಿ ಬಡಾವಣೆಯಲ್ಲಿ ಮಾಲತಿಯ ಆಫೀಸಿನ ಪಕ್ಕದ ಕಟ್ಟಡದಲ್ಲೇ ಕೆಲಸ ಮಾಡುವ ಪ್ರಹ್ಲಾದ ಎಂಬ ಹುಡುಗ. ಇಬ್ಬರೂ ಒಂದೇ ಟ್ರೈನಿನಲ್ಲಿ ಓಡಾಡುತ್ತ ಪರಿಚಯವಾಗಿ, ಪರಿಚಯ ಬೆಳೆದು, ಮಾಲತಿ ತಾಯಿಯ ಹತ್ತಿರ ಬಾಯಿಬಿಟ್ಟಿದ್ದಳು. ನಮ್ಮವರೇ. ತಂದೆ ಗುರುರಾಜಾಚಾರ್, ರೈಲ್ವೆ ಆಫೀಸಿನಿಂದ ನಿವೃತ್ತರಾದವರು, ತಿರುವಲ್ಲಿಕೇಣಿಯಲ್ಲಿ ಮನೆ. ಅವರಿಂದ ಬಂದ ಸಂದೇಶ ಕೇಳಿ ನನಗೆ ರೋಮಾಂಚನವಾಯಿತು. ಹೆಣ್ಣು ತೋರಿಸುವ ಶಾಸ್ತ್ರ ಬೇಡ, ಬರುವ ಭಾನುವಾರ ಕನ್ನಡ ಸಂಘದವರು ಬೆಳಗಿನ ಆಟಕ್ಕೆ ಒಂದು ಹಳೆಯ ಕನ್ನಡ ಚಿತ್ರ ಹಾಕುತ್ತಿದ್ದಾರೆ, ಎರಡೂ ಮನೆಯವರು ಅಲ್ಲೇ ಸೇರೋಣ ಎಂದಿದ್ದರು. ಚಿತ್ರ ಯಾವುದು? ನಾನು ತಲೆಯ ಮೇಲಿಟ್ಟು ಕುಣಿಯುವ ನಿರ್ದೇಶಕನದು. ಅವನ ಚಿತ್ರಗಳಲ್ಲಿ ನಾನು ನೋಡದೆ ಉಳಿದಿದ್ದುದು ಅದೊಂದೇ.

ನನ್ನ ಮುಖ ಅರಳಿದ್ದು ಕಂಡು ಮಾಲತಿಯ ಮುಖ ಬಾಡಿತು. "ಅಪ್ಪಾ, ಪ್ಲೀಸ್‌ಪ್ಪಾ. ಅಲ್ಲಿ ಒಂದು ವಾರ್ತೈ ಕೂಡ ಪೇಸಕ್ಕೂಡಾದು" ಎಂದಳು. ಒಂದು ಮಾತೂ ಆಡಕೂಡದು ಎಂದರ್ಥ. ಸಣ್ಣಪುಟ್ಟ ಕೋಪಕ್ಕೆ ನಮ್ಮ ಮನೆಯಲ್ಲಿ ಕನ್ನಡ, ನಿಜವಾದ ಸಂಕಟಕ್ಕೆ ತಮಿಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ರಾಯರ ಪಟದ ಮುಂದೆ ನಿಂತು, ಸಿನಿಮಾದ ಬಗ್ಗೆ ತುಟಿ ಎರಡು ಮಾಡುವುದಿಲ್ಲ ಎಂದು ಆಣೆ ಮಾಡಿದೆ. ಪದ್ಮ ಅದನ್ನೂ ನಂಬಲಿಲ್ಲ. ಥಿಯೇಟರಿನಲ್ಲಿ ನನ್ನನ್ನು ಸಾಲಿನ ಈ ತುದಿಯಲ್ಲಿ ಕೂರಿಸಿ, ಅಣೆಕಟ್ಟಿನಂತೆ ತಾನು ಪಕ್ಕದಲ್ಲಿ ಕೂತು, ನನ್ನ ಮಣಿಕಟ್ಟು ಹಿಡಿದುಕೊಂಡಳು. ಆಚಾರ್ಯರು ಸಾಲಿನ ಆ ತುದಿಯಲ್ಲಿದ್ದರು. ಅವರ ಪತ್ನಿ ಸುಶೀಲಾಬಾಯಿ ಅವರ ಪಕ್ಕ. ತೆಳ್ಳಗಿನ ಹೆಂಗಸು, ಗಟ್ಟಿ ನೋಟ. ಹುಡುಗ ಹುಡುಗಿ ನಡುವೆ. ಆಚಾರ್ಯರು ನಮಸ್ಕಾರ ಎಂದದ್ದು ಬಿಟ್ಟರೆ ತುಟಿ ಬಿಚ್ಚಲಿಲ್ಲ. ಎಂಥ ಗಂಭೀರ ಮನುಷ್ಯ, ನನ್ನಂಥವನನ್ನು ಹೇಗೆ ಸಹಿಸಿಯಾರು ಎಂದು ಎದೆ ಅಳುಕಿತು.

ಚಿತ್ರ ಶುರುವಾಯಿತು. ಒಬ್ಬ ತಾಯಿ, ಇಬ್ಬರು ಗಂಡುಮಕ್ಕಳು, ಪಾಲಾಗಲು ಕಾದಿರುವ ಮನೆ. ನಿಧಾನವಾಗಿ, ಮೆತ್ತಗೆ ಸಾಗುತ್ತಿತ್ತು. ಇದ್ದಕ್ಕಿದ್ದಂತೆ ತಾಯಿ ಸತ್ತಿದ್ದಳು! ಕಾಯಿಲೆಯಿಲ್ಲ, ಔಷಧಿಯಿಲ್ಲ, ನರಳಾಟವಿಲ್ಲ. ದೊಡ್ಡ ಮಗ ತಲೆ ಮೀಸೆ ಬೋಳಿಸಿಕೊಂಡು ನದಿಯಲ್ಲಿ ಮುಳುಗಿ ಏಳುತ್ತಿದ್ದ. ಸಾವು ಹೇಳಿಕೇಳಿ ಬರುತ್ತದೆಯೇ ಎಂದು ನಾನು ಒಳಗೊಳಗೇ ತಲೆದೂಗಿದೆ. ಆದರೆ ಅದು ಏನೂ ಅಲ್ಲ. ತುಸು ಹೊತ್ತಿನಲ್ಲೇ ಆ ತಾಯಿ ಮಾಳಿಗೆಯ ಮೇಲೆ ಪಂಚೆ ಹರಡಿ ಹಪ್ಪಳ ಒಣಹಾಕುತ್ತಿದ್ದಾಳೆ! ದೊಡ್ಡ ಮಗ ಪಕ್ಕದಲ್ಲಿ ಕೂತು ಕಾಗೆ ಓಡಿಸುತ್ತಿದ್ದಾನೆ. ತಲೆತುಂಬ ಕೂದಲು, ಮೂಗಿನ ಕೆಳಗೆ ಮೀಸೆ. ನನ್ನ ಮೈ ಜುಮ್ಮೆಂದಿತು. ನೆನಪನ್ನು ತೋರಿಸಲು ಬೇರೆಯವರು ಹೊಗೆ ಎಬ್ಬಿಸುತ್ತಾರೆ, ಚಕ್ರ ತಿರುಗಿಸುತ್ತಾರೆ, ವೀಣೆ ಮೀಟುತ್ತಾರೆ. ಈ ಮಹಾನುಭಾವ ಏನೂ ಮಾಡದೆ, ಸತ್ತವಳನ್ನು ಸುಮ್ಮನೆ ಮಾಳಿಗೆಗೆ ಹತ್ತಿಸಿಬಿಟ್ಟಿದ್ದ. ನಾನು ಸೀಟಿನಲ್ಲಿ ಮಿಸುಕಾಡಿದೆ. ಪದ್ಮ ಉಗುರು ಊರಿದಳು.

ವಿರಾಮದಲ್ಲಿ ಆಚಾರ್ಯರೂ ನಾನೂ ಎಲ್ಲರಿಗೂ ಕಾಫಿ ತರಲು ಹೊರಟೆವು. ಪದ್ಮಳ ಕಣ್ಣು ನನ್ನ ಬೆನ್ನಿಗೆ ಚುಚ್ಚುತ್ತಿತ್ತು. ಜನರ ಸಾಲಿನಲ್ಲಿ ಇಬ್ಬರೂ ನಿಂತೆವು. ಒಂದೆರಡು ಸಲ ಅವರು ಕೆಮ್ಮಿದರು, ನಾನೂ ಕೆಮ್ಮಿದೆ. ಕಡೆಗೆ ಆಚಾರ್ಯರು ಹಿಂದೆ ತಿರುಗಿ ನೋಡಿ, ಮನೆಯವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಳ್ಳಮಾಲು ತೋರಿಸುವವರಂತೆ ಪಿಸುಗುಟ್ಟಿದರು.

"ಆ ಹಪ್ಪಳ..."

ನನ್ನ ಆಣೆ ಅಲ್ಲೇ ಮುರಿದು ಬಿತ್ತು. "ಮೀಸೆ!" ಎಂದು ಕೂಗಿದೆ.

"ಅಯ್ಯೋ, ಮೀಸೆ! ನೀವೂ ನೋಡಿದ್ರಾ? ಮೊದಲು ಬೋಳು, ಆಮೇಲೆ ಮೀಸೆ! ಯಾಕೆ ಹೇಳಿ?"

"ತಾಯಿ ಹೋದದ್ದು ಅವನ ಮನಸ್ಸಿಗೆ ಇನ್ನೂ ಇಳಿದಿಲ್ಲ, ಅದಕ್ಕೆ. ಮತ್ತೆ ನೆನಪಿನಲ್ಲಿ ಯಾರಾದ್ರೂ ತಮ್ಮನ್ನ ಬೋಳುತಲೇಲಿ ಕಾಣ್ತಾರಾ ಸಾರ್? ನನ್ನನ್ನೇ ನೋಡಿ. ಕನಸಿನಲ್ಲಿ ನನಗೆ ಇವತ್ತಿಗೂ ಕ್ರಾಪಿದೆ."

ಆಚಾರ್ಯರು ನನ್ನ ಎರಡೂ ಕೈ ಹಿಡಿದುಕೊಂಡರು. ಕಾಫಿ ತೆಗೆದುಕೊಳ್ಳುವುದು ಮರೆತೇಹೋಯಿತು. ಗಂಟೆ ಬಾರಿಸಿದ ಮೇಲೆ ಬರಿಗೈಯಲ್ಲಿ ಒಳಗೆ ಬಂದವರು, ನಮ್ಮ ಸಾಲಿಗೆ ಹೋಗದೆ ಹಿಂದಿನ ಸಾಲಿನಲ್ಲಿ ಖಾಲಿಯಿದ್ದ ಕುರ್ಚಿಗಳಲ್ಲಿ ಜೋಡಿಯಾಗಿ ಕೂತೆವು. ಉಳಿದರ್ಧ ಚಿತ್ರವನ್ನು ನಿರ್ದೇಶಕನೊಬ್ಬನೇ ಹೇಳಲು ನಾವು ಬಿಡಲಿಲ್ಲ. ಮುಂದಿನವರು ತಿರುಗಿ "ಶ್" ಎಂದರು. ಆಚಾರ್ಯರು ಅವರಿಗೂ ಮೀಸೆಯ ವಿಷಯ ವಿವರಿಸಿದರು. ನಮ್ಮ ಹೆಂಡಂದಿರು ಒಬ್ಬರ ಮುಖ ಒಬ್ಬರು ನೋಡದೆ ನೆಟ್ಟಗೆ ಕೂತಿದ್ದರು.

ಚಿತ್ರ ಮುಗಿದು ದೀಪ ಹತ್ತಿತು. ಸಂಘದ ಕಾರ್ಯದರ್ಶಿ ಮೈಕು ಹಿಡಿದು ಪರದೆಯ ಮುಂದೆ ಬಂದರು. "ಪ್ರೇಕ್ಷಕ ಬಂಧುಗಳಲ್ಲಿ ಕ್ಷಮೆ ಕೇಳ್ತೀನಿ. ವಿರಾಮಕ್ಕೆ ಮುಂಚೆ ಎರಡು ರೀಲು ಹಿಂದುಮುಂದಾಗಿ ಹೋಯ್ತು. ಡಬ್ಬಿ ಮೇಲೆ ಚೀಟಿ ಅಂಟಿಸಿದವನು ನಾನೇ. ತಾಯಿ ಸತ್ತಮೇಲೆ ಹಪ್ಪಳ ಒಣಗಿಸಿದ್ದು ನನ್ನ ತಪ್ಪಿಂದ. ದಯವಿಟ್ಟು ಮನ್ನಿಸಬೇಕು."

ಇಡೀ ಥಿಯೇಟರು ಹೋ ಎಂದು ನಕ್ಕಿತು. ಮುಂದಿನ ಸಾಲಿನವರು ತಿರುಗಿ ನಮ್ಮಿಬ್ಬರನ್ನೂ ಕಣ್ತುಂಬ ನೋಡಿದರು. ನನ್ನ ಮಾನ ಹೋದದ್ದು ದೊಡ್ಡದಲ್ಲ, ಅದಕ್ಕೆ ಹೋಗಿ ಅಭ್ಯಾಸವಿದೆ. ಆದರೆ ಬೀಗರಾಗಬೇಕಾದವರನ್ನು ಎಲ್ಲರೆದುರು ನಗೆಪಾಟಲು ಮಾಡಿದ್ದೆ. ಮಾಲತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಆಚಾರ್ಯರು ಪರದೆಯನ್ನೇ ನೋಡುತ್ತ ಕೂತಿದ್ದರು. ಅವರ ಭುಜ ಅದುರತೊಡಗಿತು. ಅಳುತ್ತಿದ್ದಾರೇನೋ ಎಂದು ಗಾಬರಿಯಾದೆ. ನೋಡಿದರೆ ನಗು! ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, "ನಿಮ್ಮ ಕ್ರಾಪು ಹೋಯ್ತಲ್ಲ ಸಾರ್!" ಎಂದರು. ನನಗೂ ನಗು ತಡೆಯಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು.

ಹೊರಗೆ ಬಂದಾಗ ಪದ್ಮ ಸುಶೀಲಾಬಾಯಿಯವರ ಮುಂದೆ ಕೈಮುಗಿದು, "ತಪ್ಪು ತಿಳೀಬೇಡಿ. ಇವರು ಮನಸ್ಸಿನಲ್ಲಿ ಒಳ್ಳೆಯವರು. ಮಾತಾಡಲ್ಲ ಅಂತ ಆಣೆ ಮಾಡಿಸಿ ಕರ್ಕೊಂಡು ಬಂದಿದ್ದೆ" ಎಂದಳು.

ಸುಶೀಲಾಬಾಯಿ ನನ್ನನ್ನೊಮ್ಮೆ, ತಮ್ಮ ಯಜಮಾನರನ್ನೊಮ್ಮೆ ನೋಡಿದರು. "ನಾನೂ ಮಾಡಿಸಿದ್ದೆ. ಅದಕ್ಕೇ ಆ ಮೂಲೇಲಿ ಕೂರಿಸಿದ್ದು. ನಮ್ಮ ಮನೆಗೆ ಬರೋ ಹುಡುಗಿ ಇವರ ಕಾಟ ಹೇಗೆ ತಡೀತಾಳೋ ಅಂತ ನನಗೆ ನಿದ್ದೆ ಇರ್ಲಿಲ್ಲ ಕಣ್ರೀ. ಇನ್ನು ಭಯ ಇಲ್ಲ. ನಿಮ್ಮ ಹುಡುಗಿ ಚಿಕ್ಕಂದಿನಿಂದ್ಲೇ ಪಳಗಿದ್ದಾಳೆ. ಮುಹೂರ್ತ ಯಾವಾಗ ಇಟ್ಕೊಳ್ಳೋಣ?"

ಎದೆಯ ಮೇಲಿನ ರುಬ್ಬುಗುಂಡು ಇಳಿದಂತಾಯಿತು. ಮಾಲತಿ ಪ್ರಹ್ಲಾದನ ಕಡೆ ನೋಡಿ ನಗುತ್ತಿದ್ದಳು. "ನಮಗೆ ಮೊದಲೇ ತೆರಿಯುಂಪ್ಪಾ. ರೀಲು ಮಾರಿಪ್ಪೋಚ್ಚು, ಅದಲುಬದಲಾಗಿದೆ ಅಂತ ಇವರು ಇಂಟರ್ವಲ್‌ಗೆ ಮುಂಚೇನೇ ಹೇಳಿದ್ರು" ಎಂದಳು.

"ಗೊತ್ತಿದ್ದೂ ಯಾಕಮ್ಮಾ ಹೇಳ್ಲಿಲ್ಲ?"

"ನೀವಿಬ್ರೂ ಅಷ್ಟು ಸಂತೋಷವಾಗಿದ್ರಿ" ಎಂದ ಪ್ರಹ್ಲಾದ. ಅಳಿಯ ಒಳ್ಳೆಯವನೆಂದು ನನಗೆ ಆಗಲೇ ಖಚಿತವಾಯಿತು.

ಮದುವೆಯಾದ ಮೇಲೆ ಆ ಚಿತ್ರದ ಸಿ.ಡಿ. ಸಿಕ್ಕಿತು. ಬೀಗರನ್ನು ಮನೆಗೆ ಕರೆದು, ಊಟವಾದ ಮೇಲೆ ಎಲ್ಲರೂ ಟೀವಿಯ ಮುಂದೆ ಕೂತೆವು. ಈ ಸಲ ಎಲ್ಲವೂ ಸರಿಯಾದ ಕ್ರಮದಲ್ಲಿತ್ತು. ತಾಯಿ ಹಪ್ಪಳ ಒಣಹಾಕುತ್ತಾಳೆ. ಸಂಜೆ ಜ್ವರ ಬಂದು ಮಲಗುತ್ತಾಳೆ. "ಮೋಡ ಆಗಿದೆ, ಹಪ್ಪಳ ಒಳಗೆ ತಂದ್ಯಾ?" ಎಂದು ಮಗನನ್ನು ಕೇಳುತ್ತಾಳೆ. ಮುಂದಿನ ದೃಶ್ಯದಲ್ಲಿ ಮಾಳಿಗೆಯ ಮೇಲೆ ಪಂಚೆ, ಹಪ್ಪಳ, ಅದರ ಮೇಲೆ ಬೀಳುವ ಮಳೆ. ಎತ್ತಿಡಲು ಯಾರೂ ಬರುವುದಿಲ್ಲ. ಆಮೇಲೆ ನದಿ, ಬೋಳುತಲೆಯ ಮಗ. ಆ ಮಳೆಯನ್ನು ನಾವು ಥಿಯೇಟರಿನಲ್ಲೂ ನೋಡಿದ್ದೆವು, ಬರಿಯ ಮಳೆಯೆಂದು ಬಿಟ್ಟುಬಿಟ್ಟಿದ್ದೆವು. ನಿರ್ದೇಶಕ ಜಾಣತನವನ್ನೇನೂ ಮಾಡಿರಲಿಲ್ಲ. ಒಂದಾದ ಮೇಲೊಂದು ನೆಟ್ಟಗೆ ಹೇಳಿದ್ದ. ನಾನು ಕಣ್ಣೊರೆಸಿಕೊಂಡೆ. ಆಚಾರ್ಯರೂ ಪಂಚೆಯ ಅಂಚಿನಿಂದ ಮೂಗು ಒರೆಸಿಕೊಂಡರು. ಚಿತ್ರ ಮುಗಿದರೂ ಇಬ್ಬರ ಬಾಯಿಂದಲೂ ಮಾತಿಲ್ಲ.

ಬೀಗರು ಹೊರಟುಹೋದ ಮೇಲೂ ನಾನು ಹಾಗೇ ಕೂತಿದ್ದೆ. ಪದ್ಮ ಲೋಟ ಎತ್ತಿಡಲು ಬಂದವಳು ನಿಂತಳು. ನನ್ನನ್ನು ನೋಡಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಹಣೆ ಮುಟ್ಟಿದಳು. "ಯಾಕ್ರೀ, ಏನೂ ಹೇಳ್ಲೇ ಇಲ್ಲ? ಎದೆಗಿದೆ ನೋವೇನು? ಡಾಕ್ಟರ ಹತ್ರ ಹೋಗೋಣ್ವಾ?" ಅವಳ ದನಿಯಲ್ಲಿ ನಿಜವಾದ ದಿಗಿಲಿತ್ತು.

"ಏನಿಲ್ಲ ಕಣೆ" ಎಂದೆ. ಅವಳ ಮೊಣಕೈ ಹಿಡಿದುಕೊಂಡೆ. "ಆ ಮಳೆ ಬೀಳೋವಾಗ ಕ್ಯಾಮೆರಾ ಯಾಕೆ ಅಲುಗಾಡ್ಲೇ ಇಲ್ಲ ಅಂದ್ರೆ..."

"ಸದ್ಯ!" ಎಂದು ಪದ್ಮ ಉಸಿರು ಬಿಟ್ಟಳು. ಕೈ ಬಿಡಿಸಿಕೊಂಡು, ಲೋಟಗಳನ್ನೆತ್ತಿಕೊಂಡು, ಹಾಲಿಗೆ ಹೆಪ್ಪು ಹಾಕಲು ಹೋದಳು.