ಬರದೇ ಹೋದ ಲಾಭಕ್ಕೆ ಮಾವನ ದಾವೆ

ನಮ್ಮ ಸೋದರಮಾವ ಒಬ್ಬ ಮನುಷ್ಯ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪು. ಅವರು ಒಂದು ಬಹುರಾಷ್ಟ್ರೀಯ ಕಂಪನಿ! ಕೇಂದ್ರ ಕಚೇರಿ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿರುವ ಸೌದೆ ಡಿಪೋ. ಅಧ್ಯಕ್ಷರು ಮಾವ, ನಿರ್ದೇಶಕರು ಮಾವ, ಷೇರುದಾರರೂ ಮಾವ. ಸಿಬ್ಬಂದಿ ಎಂದರೆ ತಕ್ಕಡಿಯ ತಟ್ಟೆಯಲ್ಲಿ ಮಲಗುವ ಒಂದು ಬೆಕ್ಕು. ಅದನ್ನೂ ಮಾವ 'ಕಾಯಂ ನೌಕರಿ ಅಲ್ಲ, ಗುತ್ತಿಗೆ ಮೇಲೆ ಐತೆ' ಎಂದೇ ಪರಿಚಯಿಸುತ್ತಾರೆ.

ನಾನು ಡೈರಿ ಬರೆಯುವವಳು. ದಿನಾಂಕ, ವಾರ, ಒಟ್ಟು ಮೊತ್ತ ಇವು ಮೂರೂ ಇಲ್ಲದ ಪುಟ ನನಗೆ ಪುಟವೇ ಅಲ್ಲ. ಆದ್ದರಿಂದ ಅಳತೆ ತಪ್ಪದೆ ಹೇಳುತ್ತೇನೆ: ಕಳೆದ ವರ್ಷ ಮಾವ ಮಾಡಿಕೊಂಡ ಒಪ್ಪಂದಗಳು ಒಟ್ಟು ಒಂಬತ್ತು. ಅತ್ತೆಯೊಂದಿಗೆ ಐದು, ನೆಂಟರೊಂದಿಗೆ ಮೂರು, ಬೀದಿಯವರೊಂದಿಗೆ ಒಂದು. ದೇವಿ ಕಬ್ಬಾಳಮ್ಮನೊಂದಿಗೂ ಮಾತುಕತೆ ನಡೆದಿತ್ತು. ತಾಯಿ ಷರತ್ತುಗಳಿಗೆ ಉತ್ತರ ಕೊಡಲಿಲ್ಲವಾಗಿ ಅದನ್ನು 'ಬಾಕಿ' ಕಾಲಮ್ಮಿಗೆ ಹಾಕಿದ್ದೇನೆ.

ಇದು ಶುರುವಾದದ್ದು ನನ್ನ ಓದಿನಿಂದ. ನಾನು ಕಾನೂನು ಕೊನೆಯ ವರ್ಷದಲ್ಲಿದ್ದೇನೆ. ಅಂತರರಾಷ್ಟ್ರೀಯ ವ್ಯಾಪಾರ ಮತ್ತು ಬಂಡವಾಳ ಒಪ್ಪಂದಗಳು ಎಂಬ ಒಂದು ವಿಷಯವಿದೆ. ಗಟ್ಟಿಯಾಗಿ ಓದದಿದ್ದರೆ ನನ್ನ ತಲೆಗೆ ಏನೂ ಹತ್ತುವುದಿಲ್ಲ. ಒಂದು ಭಾನುವಾರ ಮಾವನ ಮನೆಯ ಜಗುಲಿಯಲ್ಲಿ ಓದುತ್ತಾ ಓಡಾಡುತ್ತಿದ್ದೆ. ಮಾವ ಕಾಫಿ ಕುಡಿಯುತ್ತಿದ್ದರು.

"ಅದೇನಮ್ಮಿ ಅದು, ಒಸಿ ಬುಡಿಸಿ ಹೇಳು" ಎಂದರು.

"ಒಂದು ದೇಶ ಹೊರಗಿನ ಕಂಪನಿಗೆ, ಬಂದು ಬಂಡವಾಳ ಹಾಕು, ನಿನಗೆ ಅನ್ಯಾಯ ಮಾಡಲ್ಲ ಅಂತ ಮಾತು ಕೊಡುತ್ತೆ ಮಾವ. ಕಂಪನಿ ಬಂದು ಕಲ್ಲಿದ್ದಲು ಸುಡೋ ವಿದ್ಯುತ್ ಸ್ಥಾವರ ಕಟ್ಟುತ್ತೆ. ಆಮೇಲೆ ಭೂಮಿ ಕಾಯ್ತಾ ಇದೆ, ಮಳೆ ದಿಕ್ಕು ತಪ್ತಾ ಇದೆ, ಇನ್ನು ಕಲ್ಲಿದ್ದಲು ಬೇಡ ಅಂತ ಆ ದೇಶ ಕಾನೂನು ಮಾಡುತ್ತೆ. ಆಗ ಕಂಪನಿ ಆ ದೇಶದ ಮೇಲೇ ದಾವೆ ಹಾಕಬಹುದು."

"ಹಾಕಿದ ದುಡ್ಡು ವಾಪಸ್ ಕೊಡಿ ಅಂತ ತಾನೆ? ನ್ಯಾಯವೇ ಬುಡು."

"ಅದೊಂದೇ ಅಲ್ಲ. ಮುಂದೆ ಬರಬೇಕಾಗಿದ್ದ ಲಾಭಾನೂ ಕೊಡಿ ಅಂತ."

ಮಾವನ ಲೋಟ ತುಟಿಯ ಹತ್ತಿರ ನಿಂತುಬಿಟ್ಟಿತು. "ಏನಂದೆ? ಇನ್ನೂ ಬರದೇ ಇರೋ ಲಾಭಕ್ಕಾ?"

"ಹೂಂ. ಅದೂ ಆ ದೇಶದ ಕೋರ್ಟಲ್ಲಲ್ಲ. ಮೂರು ಜನರ ಪಂಚಾಯಿತಿ. ಕಂಪನಿ ಕಡೆಯಿಂದ ಒಬ್ಬರು, ದೇಶದ ಕಡೆಯಿಂದ ಒಬ್ಬರು, ಇಬ್ಬರೂ ಒಪ್ಪಿ ಮೂರನೆಯವರು. ಎಲ್ಲೋ ದೂರದ ಊರಲ್ಲಿ, ಬಾಗಿಲು ಹಾಕ್ಕೊಂಡು."

ಮಾವ ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ. "ಇಷ್ಟು ವರ್ಷ ಸೌದೆ ಮಾರಿದೀನಿ, ಒಬ್ಬ ಮುಂಡೇಗಂಡನೂ ಈ ಮಾತು ಹೇಳ್ಕೊಡ್ಲಿಲ್ವಲ್ಲಮ್ಮಿ!"

ಮೊದಲ ದಾವೆ ಅದೇ ವಾರ ಅತ್ತೆಯ ಮೇಲೆ ಬಿತ್ತು. ಬಚ್ಚಲಿನ ಹಂಡೆ ಒಲೆ ತೆಗೆಸಿ ಅತ್ತೆ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದ್ದರು. ಆ ಮನೆಗೆ ಸೌದೆ ಸರಬರಾಜು ಮಾಡುತ್ತಿದ್ದ ಏಕೈಕ ಸಂಸ್ಥೆ ಯಾವುದು? ಮಾವ! ಮುಂದಿನ ಇಪ್ಪತ್ತು ವರ್ಷ ಈ ಮನೆಯವರು ಮೀಯುವ ಬಿಸಿನೀರಿನ ಮೇಲೆ ತಮಗಿದ್ದ ನಿರೀಕ್ಷೆ ಭಂಗವಾಗಿದೆ ಎಂದು ಅವರು ನಡುಮನೆಯಲ್ಲಿ ನಿಂತು ಘೋಷಿಸಿದರು.

"ನಮ್ಮನೆ ಸೌದೆಗೆ ನೀವು ಯಾವತ್ತು ದುಡ್ಡು ಇಸ್ಕೊಂಡಿದ್ರಿ?" ಎಂದರು ಅತ್ತೆ.

"ಇಸ್ಕೊಂಡಿಲ್ಲ. ಇಸ್ಕೊಬೇಕು ಅಂತ ನಿರೀಕ್ಷೆ ಇತ್ತು."

"ಪಂಚಾಯಿತಿ ಸೇರ್ಸಿ. ನನ್ನ ಕಡೆಯಿಂದ ನಮ್ಮವ್ವ."

ಮಾವನ ಅತ್ತೆಗೆ ಕಿವಿ ಅಷ್ಟಾಗಿ ಕೇಳಿಸದು, ಆದರೆ ತೀರ್ಪು ಕೊಡಲು ಅದು ಅಡ್ಡಿಯಾಗಲಿಲ್ಲ. ದಾವೆ ವಾಪಸ್ ಪಡೆಯುವವರೆಗೆ ಮುದ್ದೆ ಇಲ್ಲ ಎಂದು ಅವರು ಆಜ್ಞೆ ಮಾಡಿದರು. ಸೋಮವಾರ ಬೆಳಿಗ್ಗೆ ಹೂಡಿದ ದಾವೆ ಸೋಮವಾರ ಮಧ್ಯಾಹ್ನ ಬಸ್ಸಾರಿನ ವಾಸನೆಗೆ ವಾಪಸಾಯಿತು!

ಇಷ್ಟಕ್ಕೇ ಬಿಡುವ ಕಂಪನಿಯೇ ಇದು? ಮುಂದಿನ ಪಾಠದಲ್ಲಿ ಗಡಿ ತೆರಿಗೆಯ ವಿಷಯ ಬಂತು. ಎಷ್ಟು ಹೊಗೆ ಬಿಟ್ಟು ಸರಕು ತಯಾರಿಸಿದ್ದೀರಿ ಎಂದು ಶ್ರೀಮಂತ ದೇಶಗಳು ಗಡಿಯಲ್ಲೇ ಕೇಳಿ, ಹೊಗೆಗೆ ತಕ್ಕಂತೆ ಸುಂಕ ಹಾಕುವ ಪದ್ಧತಿ. ಅದು ಮಾವನ ಕಿವಿಗೆ ಬಿದ್ದದ್ದು ಪಿತೃಪಕ್ಷದ ಹೊತ್ತಿನಲ್ಲಿ. ಎಡೆ ಇಟ್ಟು, ನೆಂಟರಿಗೆಲ್ಲ ಬಾಡೂಟಕ್ಕೆ ಹೇಳಿಯಾಗಿತ್ತು. ಮಾವ ಟವೆಲು ಹೆಗಲಿಗೇರಿಸಿ ಗೇಟಿನಲ್ಲಿ ನಿಂತರು.

ಮಾಗಡಿಯಿಂದ ಬಸ್ಸಿನಲ್ಲಿ ಬಂದ ದೊಡ್ಡಮ್ಮನಿಗೆ ಪೂರ್ತಿ ಊಟ. ಚನ್ನಪಟ್ಟಣದಿಂದ ಬೈಕಿನಲ್ಲಿ ಬಂದ ಭಾವನಿಗೆ ತುಂಡು ಅರ್ಧ. ಕನಕಪುರದಿಂದ ದೊಡ್ಡ ಕಾರಿನಲ್ಲಿ ಒಬ್ಬರೇ ಬಂದಿಳಿದ ಅತ್ತೆಯ ಅಣ್ಣನಿಗೆ, "ನಿಮ್ಗೆ ಸಾರು ಮಾತ್ರ ಭಾವ, ತುಂಡಿಲ್ಲ. ನಾನಲ್ಲ, ಗಡಿ ನಿಯಮ ಅದು" ಎಂದರು.

"ಹಂಗಾರೆ ನೀನು? ಬೆಳಿಗ್ಗೆ ಸೌದೆ ಲಾರಿಲಿ ಬಂದು ಇಳಿದ್ಯಲ್ಲ?" ಎಂದು ಆ ಅಣ್ಣ ಕೆರಳಿದರು. "ರೋಡೆಲ್ಲ ಕರ್ರಗೆ ಮಾಡ್ಕೊಂಡು ಬಂತಲ್ಲ ಅದು!"

ಮಾವ ಸ್ವಲ್ಪವೂ ವಿಚಲಿತರಾಗಲಿಲ್ಲ. "ನಾನು ಅಭಿವೃದ್ಧಿಶೀಲ ಮನುಷ್ಯ ಕಣ್ರೀ. ನಂಗೆ ರಿಯಾಯಿತಿ ಐತೆ."

ಹೀಗೆ ನಗುತ್ತಲೇ ಕಾಲ ಕಳೆಯುತ್ತಿತ್ತು. ಆದರೆ ಬೀದಿಯವರೊಂದಿಗೆ ಮಾಡಿಕೊಂಡ ಆ ಒಂದು ಒಪ್ಪಂದ ಇತ್ತಲ್ಲ, ಅದು ನಗುವ ಜಾತಿಯದಾಗಿರಲಿಲ್ಲ.

ಮಾವನ ಡಿಪೋದ ಎದುರಿನ ಗಲ್ಲಿಯ ತುಂಬ ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳು. ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಕೊಂಡ ಗೂಡನ್ನು ಕುದಿಯುವ ನೀರಿನ ತೊಟ್ಟಿಗೆ ಹಾಕಿ, ಎಳೆ ಹುಡುಕಿ, ರಾಟೆಗೆ ಹತ್ತಿಸುತ್ತಾರೆ. ತೊಟ್ಟಿಯ ಕೆಳಗೆ ಬೆಳಗಿನಿಂದ ಸಂಜೆಯವರೆಗೂ ಒಲೆ. ಆ ಒಲೆಗಳಿಗೆಲ್ಲ ಸೌದೆ ಮಾವನದೇ. ಹಿಂದೆ ಇದೆಲ್ಲ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಬಂಡವಾಳ ಒಪ್ಪಂದದ ರುಚಿ ಹತ್ತಿದ ಮೇಲೆ ಮಾವ ತಗಡಿನ ಚಾವಣಿಯ ದೊಡ್ಡ ಕೊಟ್ಟಿಗೆ ಕಟ್ಟಿಸಿ, "ಮಳೆಗಾಲ ಪೂರ್ತಿ ಒಣಸೌದೆ ಕೊಡ್ತೀನಿ, ನೀವು ರುಜು ಹಾಕಿ" ಎಂದರು. ಮಳೆಗಾಲದಲ್ಲಿ ಹಸಿ ಸೌದೆಯೊಂದಿಗೆ ಗುದ್ದಾಡಿದವರಿಗೆ ಒಣಸೌದೆ ಎಂದರೆ ಸ್ವರ್ಗ. ಎಲ್ಲರೂ ನಗುನಗುತ್ತಾ ಛಾಪಾ ಕಾಗದಕ್ಕೆ ರುಜು ಹಾಕಿದರು.

ಅದರಲ್ಲಿ ಏನಿತ್ತು? ನೂಲು ಬಿಚ್ಚುವ ರೀಲರುಗಳು ಯಾವುದೇ ಕಾರಣಕ್ಕೆ ಒಲೆ ಬದಲಾಯಿಸಿದರೆ ಹದಿನೈದು ವರ್ಷದ ನಿರೀಕ್ಷಿತ ಲಾಭವನ್ನು ಮಾವನಿಗೆ ತುಂಬಿಕೊಡಬೇಕು. ಒಪ್ಪಂದವನ್ನು ಹರಿದು ಹಾಕಿದರೂ ಅದು ಇನ್ನೂ ಹತ್ತು ವರ್ಷ ಜೀವಂತವಾಗಿರುತ್ತದೆ. ಈಚಿನ ಒಪ್ಪಂದಗಳಲ್ಲಿ ಪರಿಸರಕ್ಕೂ ಒಂದು ಅಧ್ಯಾಯ ಇರುತ್ತದೆ ಎಂದು ನಾನು ಹೇಳಿದ್ದಕ್ಕೆ, ಕೊನೆಯಲ್ಲಿ ಮಾವ ಹೀಗೂ ಸೇರಿಸಿದ್ದರು: 'ಉಭಯ ಪಕ್ಷದವರೂ ಪರಿಸರವನ್ನು ಪ್ರೀತಿಸತಕ್ಕದ್ದು.'

"ಪ್ರೀತಿಸದಿದ್ದರೆ ದಂಡ ಏನು ಮಾವ?"

"ಪ್ರೀತಿಗೆ ದಂಡ ಹಾಕಕ್ಕಾಯ್ತದೇನಮ್ಮಿ? ಅದು ಮನಸ್ಸಿಗೆ ಬುಟ್ಟ ವಿಚಾರ."

ದೊಡ್ಡ ದೊಡ್ಡ ದೇಶಗಳ ಒಪ್ಪಂದಗಳಲ್ಲೂ ನಾನು ಇದಕ್ಕಿಂತ ಹೆಚ್ಚಿನದನ್ನು ಓದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ.

ಈ ವರ್ಷ ಬೇಸಿಗೆ ಕಾಲಿಡುವ ಮೊದಲೇ ಗಲ್ಲಿ ಕಾದ ಬಾಣಲಿಯಾಯಿತು. ತಗಡಿನ ಶೆಡ್ಡು, ಮೇಲೆ ಬಿಸಿಲು, ಕೆಳಗೆ ಒಲೆ. ಗಲ್ಲಿಯ ಹಿರಿಯ ರೀಲರ್ ರಹಮತ್ ಭಾಯ್ ಎಲ್ಲರನ್ನೂ ಒಪ್ಪಿಸಿ, ಚಾವಣಿಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಕೊಳವೆಗಳನ್ನು ಹಾಕಿಸುವುದೆಂದು ತೀರ್ಮಾನ ಮಾಡಿದರು. ಅರ್ಧಕ್ಕೂ ಹೆಚ್ಚು ಸೌದೆ ಉಳಿಯುತ್ತದೆ, ಹೊಗೆಯೂ ಇಳಿಯುತ್ತದೆ. ಅವರಿಗೆ ಅವಸರವಾಗಿದ್ದುದು ಅವರ ಅಕ್ಕನಿಗಾಗಿ. ಹುಡುಗಿಯಾಗಿದ್ದಾಗಿನಿಂದ ಅದೇ ತೊಟ್ಟಿಯ ಮುಂದೆ ಕೂತ ನೂರಕ್ಕನ ಎದೆ ಹೊಗೆಯಿಂದ ಕಟ್ಟಿಕೊಂಡಿತ್ತು. ಹೊಗೆಯಿಂದ ದೂರ ಇರಿ ಎಂದು ಡಾಕ್ಟರು ಹೇಳಿದ್ದರು. ಹೊಗೆಯೇ ನೂರಕ್ಕನ ವಿಳಾಸವಾಗಿರುವಾಗ ಅವರು ಹೋಗುವುದು ಎಲ್ಲಿಗೆ?

ಕೊಳವೆಗಳು ಬಂದಿಳಿದವು. ಮಾವ ಡಿಪೋದ ಬಾಗಿಲಲ್ಲಿ ನಿಂತು, "ಕಾಗದ ಜ್ಞಾಪಕ ಐತಾ ಭಾಯ್?" ಎಂದರು. ಅಷ್ಟೇ!

ಅಂದಿನಿಂದ ಕೊಳವೆಗಳು ಟಾರ್ಪಾಲು ಹೊದ್ದು ಗಲ್ಲಿಯಲ್ಲೇ ಮಲಗಿದವು. ಮಾವ ದಾವೆ ಹೂಡಲಿಲ್ಲ, ನೋಟಿಸು ಕೊಡಲಿಲ್ಲ. ಹೂಡಿದರೂ ಹೂಡಿಯಾರು ಎಂಬ ಭಯ ಒಂದೇ ಸಾಕಾಯಿತು. ಕಂಪನಿಗಳು ಕಣ್ಣು ಬಿಟ್ಟರೆ ಸಾಕು, ಸರ್ಕಾರಗಳು ಹವಾಮಾನದ ಕಾನೂನನ್ನು ಕಪಾಟಿಗೆ ಸೇರಿಸಿಬಿಡುತ್ತವೆ ಎಂದು ನನ್ನ ಪುಸ್ತಕದಲ್ಲಿತ್ತು. ನಾನು ನಂಬಿರಲಿಲ್ಲ. ಈಗ ಟಾರ್ಪಾಲು ನೋಡಿ ನಂಬಿದೆ.

"ಭಾಯ್, ಆ ಕಾಗದ ಯಾವ ಕೋರ್ಟಲ್ಲೂ ನಿಲ್ಲಲ್ಲ" ಎಂದು ನಾನೇ ಹೋಗಿ ಹೇಳಿದೆ.

"ಕೋರ್ಟಿಗೆ ಹೋಗಂಗಿಲ್ಲ ಅಂತ ಅದ್ರಲ್ಲೇ ಬರ್ದೈತಲ್ಲಮ್ಮ" ಎಂದರು ರಹಮತ್ ಭಾಯ್. "ಛಾಪಾ ಕಾಗದ. ನಾವೇ ರುಜು ಹಾಕಿದ್ದು."

ಕೊನೆಗೆ ಕಾಗದದಲ್ಲಿದ್ದಂತೆ ಮೂವರ ಪಂಚಾಯಿತಿ ಸೇರಿಸುವುದೇ ಸರಿ ಎಂದಾಯಿತು. ಮಾವ ತಮ್ಮ ಕಡೆಯಿಂದ ನನ್ನನ್ನು ಆರಿಸಿದರು. ಗಲ್ಲಿಯವರು ನೂರಕ್ಕನನ್ನು ಆರಿಸಿದರು. ಮೂರನೆಯವರು ಎರಡೂ ಕಡೆಗೆ ಟೀ ಕೊಡುವ ಅಂಗಡಿಯವರು.

"ನೂರಕ್ಕ ಅವರ ಕಡೆಯೋರಲ್ವಾ? ಪಕ್ಷಪಾತ ಆಗಲ್ವಾ?" ಎಂದು ಮಾವ ಆಕ್ಷೇಪ ಎತ್ತಿದರು.

"ಈ ಹುಡ್ಗಿ ಏನು ಅಮೇರಿಕಾದಿಂದ ಬಂದೈತಾ? ನಿನ್ನ ಅಕ್ಕನ ಮಗಳಲ್ವೇನ್ಲಾ?" ಎಂದರು ನೂರಕ್ಕ. ಆಕ್ಷೇಪ ಬಿದ್ದುಹೋಯಿತು.

ದೂರದ ಊರಾಗಬೇಕು ಎಂಬ ನಿಯಮದಂತೆ ಮಾವ ಕಬ್ಬಾಳಮ್ಮನ ಊರಾದ ಕಬ್ಬಾಳಿನಲ್ಲಿ ವಿಚಾರಣೆ ಇಟ್ಟುಕೊಂಡಿದ್ದರು. ಆದರೆ ಅಂದು ಬೆಳಿಗ್ಗೆಯೇ ಗೂಡು ಬಂದುಬಿಟ್ಟಿತ್ತು, ನೀರಿಗೆ ಬಿದ್ದೂ ಆಗಿತ್ತು. ಬೆಂದ ಗೂಡು ಯಾವ ಪಂಚಾಯಿತಿಗೂ ಕಾಯುವುದಿಲ್ಲ. ಅಂದೇ ಎಳೆ ತೆಗೆಯಬೇಕು. ಹೀಗಾಗಿ ವಿಚಾರಣೆಯೇ ಶೆಡ್ಡಿಗೆ ಬಂತು. ನ್ಯಾಯಾಧೀಶೆ ನೂರಕ್ಕ ತೊಟ್ಟಿಯ ಮುಂದೆ ಕೂತು, ಕುದಿಯುವ ನೀರಿನಲ್ಲಿ ಬೆರಳಾಡಿಸುತ್ತಲೇ, "ಹೂಂ, ಶುರು ಮಾಡಪ್ಪ ಕಂಪನಿ" ಎಂದರು.

ಮಾವ ಇದ್ದಿಲ ಚೂರು ತೆಗೆದುಕೊಂಡು ಗೋಡೆಯ ಮೇಲೆ ವರ್ಷಕ್ಕೊಂದು ಗೆರೆಯಂತೆ ಹದಿನೈದು ಗೆರೆ ಎಳೆದರು. "ಮೊದಲನೇ ವರ್ಷ ಇಷ್ಟು ಲೋಡು ಉರಿಯೋದು. ಎರಡನೇ ವರ್ಷ ಇಷ್ಟು. ಮೂರನೇ ವರ್ಷ..."

ನೂರಕ್ಕನಿಗೆ ಕೆಮ್ಮು ಬಂತು. ಮಾವ ಇದ್ದಿಲು ಹಿಡಿದು ಕಾದರು. ಕೆಮ್ಮು ಮುಗಿಯಲಿಲ್ಲ. ನೂರಕ್ಕ ಒಂದು ಕೈಯಲ್ಲಿ ಎಳೆ ಬಿಡದೆ, ಇನ್ನೊಂದು ಕೈ ಬೀಸಿ, ಹೇಳು ಹೇಳು ಎಂದು ಸನ್ನೆ ಮಾಡಿದರು.

"ನಾಲ್ಕನೇ ವರ್ಷ..." ಎಂದರು ಮಾವ. ಮತ್ತೆ ಕೆಮ್ಮು. ಈ ಸಲ ನೂರಕ್ಕ ಮುಂದಕ್ಕೆ ಬಾಗಿಬಿಟ್ಟರು. ರಹಮತ್ ಭಾಯ್ ನೀರಿನ ಚೊಂಬು ಹಿಡಿದು ಓಡಿಬಂದರು.

ನೂರಕ್ಕ ನೀರು ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, "ಕೇಳಿಸ್ಕೊತಾ ಇದೀನಿ ಕಣೋ. ನಾಲ್ಕನೇ ವರ್ಷ?" ಎಂದರು.

ಮಾವ ಗೋಡೆ ನೋಡಿದರು. ಉಳಿದ ಗೆರೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಒಂದೊಂದು ಗೆರೆಯ ಕೆಳಗೂ ಒಂದೊಂದು ವರ್ಷ ಪೂರ್ತಿ ಯಾರಾದರೂ ಒಲೆಯ ಮುಂದೆ ಕೂತಿರಲೇಬೇಕಲ್ಲ.

"ಅಕ್ಕ, ಈ ಕೆಮ್ಮು ಎಷ್ಟು ದಿನದಿಂದ?"

"ನಿನ್ನ ಸೌದೆಗಿಂತ ಒಸಿ ಚಿಕ್ಕದು" ಎಂದು ನೂರಕ್ಕ ನಕ್ಕರು. ಆ ನಗುವೂ ಕೆಮ್ಮಾಗಿ ಮುಗಿಯಿತು.

ಮಾವ ಹೆಗಲ ಮೇಲಿನ ಬಿಳಿ ಟವೆಲಿನಿಂದ ಗೋಡೆ ಒರೆಸತೊಡಗಿದರು. ಗೆರೆಗಳು ಹೋಗಲಿಲ್ಲ, ಹರಡಿಕೊಂಡವು. ಗೋಡೆ, ಟವೆಲು, ಅಂಗಿ, ಮುಖ ಎಲ್ಲ ಕಪ್ಪಾಯಿತು. "ವಾದ ಮುಗೀತು. ಹತ್ಸಿ ಕೊಳವೆ ಮೇಲಕ್ಕೆ" ಎಂದರು.

"ಗೌಡ್ರೇ, ಛಾಪಾ ಕಾಗದ?" ಎಂದು ರಹಮತ್ ಭಾಯ್ ಅನುಮಾನದಿಂದಲೇ ಕೇಳಿದರು.

"ಒಲೆಗೆ ಹಾಕ್ರೀ ಅದನ್ನ."

"ಮಾವ, ಅದು ನಾಶವಾದರೂ ಹತ್ತು ವರ್ಷ..." ಎಂದೆ ನಾನು.

"ನೀನು ಒಸಿ ಬಾಯಿ ಮುಚ್ಕೊಂಡಿರಮ್ಮಿ!"

ನನ್ನ ಮಾವ ಕಂಪನಿಯಾಗಲು ನಾಲಾಯಕ್ಕು ಎಂದು ಅಂದು ರುಜುವಾತಾಯಿತು. ಅವರು ಮಾಡಿದ ತಪ್ಪು ಒಂದೇ, ವಿಚಾರಣೆಯನ್ನು ಒಲೆಯ ಪಕ್ಕದಲ್ಲಿ ಇಟ್ಟುಕೊಂಡದ್ದು. ತಿಳಿದವರು ಅದನ್ನು ಯಾವುದೋ ತಂಪು ದೇಶದಲ್ಲಿ, ಎಸಿ ಹಾಕಿದ ಕೋಣೆಯಲ್ಲಿ, ಬಾಗಿಲು ಭದ್ರಪಡಿಸಿ ನಡೆಸುತ್ತಾರೆ. ಅಲ್ಲಿ ಗೆರೆಗಳು ಮಾತ್ರ ಕಾಣುತ್ತವೆ. ಕೆಮ್ಮು ಅಷ್ಟು ದೂರ ಹೋಗುವುದಿಲ್ಲ.

ಅದಾದ ಮೂರನೆಯ ವಾರಕ್ಕೆ ಚಾವಣಿಯ ಮೇಲಿನ ನೀರು ಕಾದು ತೊಟ್ಟಿಗೆ ಇಳಿಯತೊಡಗಿತು. ಲಾರಿಯಲ್ಲಿ ಸೌದೆ ತರುತ್ತಿದ್ದ ಮಾವ ಅಂದು ಒಂದು ಕಟ್ಟನ್ನು ಹೆಗಲ ಮೇಲೆ ಹೊತ್ತು ಬಂದರು. ಜೊತೆಯಲ್ಲಿ ನಾನಿದ್ದೆ. ಕಟ್ಟು ಇಳಿಸಿದ ಮಾವ ಹೋಗಲಿಲ್ಲ, ಬಾಗಿಲ ಬಳಿ ನಿಂತೇ ಇದ್ದರು.

"ಏನ್ಲಾ ಹಂಗೆ ನಿಂತಿದ್ದೀಯ? ವ್ಯಾಪಾರ ಹೋಯ್ತು ಅಂತ ಸಂಕಟವಾ?" ಎಂದರು ನೂರಕ್ಕ.

"ಶ್! ಸುಮ್ಕಿರಿ ಅಕ್ಕ."

ರಾಟೆ ತಿರುಗುತ್ತಿತ್ತು. ಎಳೆ ಹಳದಿಯಾಗಿ ಏರುತ್ತಿತ್ತು. ಎದುರುಗೋಡೆಯಲ್ಲಿ ಹೊಗೆ ಮುಸುಕಿಲ್ಲದ್ದರಿಂದ ಮಾವ ಒರೆಸಿದ ಇದ್ದಿಲ ಕಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಹಳ ಹೊತ್ತಾದ ಮೇಲೆ ನೂರಕ್ಕ ಒಮ್ಮೆ ಕೆಮ್ಮಿದರು. ಸಣ್ಣಗೆ.

ಮಾವ ನನ್ನ ಕಡೆ ತಿರುಗಿ ಪಿಸುಗುಟ್ಟಿದರು. "ಇವತ್ತು ಒಸಿ ತಡವಾಗಿ ಬಂತು, ಅಲ್ವೇನಮ್ಮಿ?"

ನಾನು ಹೂಂ ಎಂದೆ. ಮಾವ ಸೌದೆ ಕಟ್ಟಿನ ಮೇಲೆ ಕೂತು ಮತ್ತೆ ಕಿವಿಗೊಟ್ಟರು.